ಸಾಬ್ರು ತೆಗೆದ ಅಕ್ಕನ ಪಟ

ಆಗೆಲ್ಲ ನಮ್ಮ ಕಡೆ ಹೆಣ್ಣುಮಗಳಿಗೆ ಗಂಡು ನೋಡಲು ಹೊರಡುವ ಮೊದಲು ಎರಡು ಕೆಲಸ ಆಗಲೇಬೇಕಿತ್ತು. ಮನೆಗೆ ಸುಣ್ಣ ಬಳಿಸಬೇಕು, ಹುಡುಗಿಯನ್ನು ಕೆ.ಆರ್. ಪೇಟೆಗೆ ಕರೆದುಕೊಂಡು ಹೋಗಿ ಸಾಬ್ರ ಹತ್ತಿರ ಪಟ ತೆಗೆಸಬೇಕು. ಎರಡೂ ಒಂದೇ ಜಾತಿಯ ಕೆಲಸ ಎಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಸತ್ತಾರ್ ಸಾಬ್ರು ಎಂದರೆ ಸಾಮಾನ್ಯದವರಲ್ಲ. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದಲ್ಲಿ ಬೇರೆ ಸ್ಟುಡಿಯೋಗಳು ಇರಲಿಲ್ಲವೆಂದಲ್ಲ. ಅಲ್ಲಿ ತೆಗೆಸಿದರೆ ನಾವು ಹೇಗಿದ್ದೇವೋ ಹಾಗೇ ಬರುತ್ತಿದ್ದೆವು. ಅಂಥ ಪಟ ಯಾರಿಗೆ ಬೇಕು? ಸಾಬ್ರು ತೆಗೆದರೆ ನಾವು ಹೇಗಿರಬೇಕಿತ್ತೋ ಹಾಗೆ ಬರುತ್ತಿದ್ದೆವು. ಓಟಿಗೆ ನಿಲ್ಲುವವರು ಗೋಡೆಗೆ ಅಂಟಿಸುವ ಪಟಕ್ಕೆ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಮೈಸೂರಿನಿಂದ ಕಾರು ಮಾಡಿಕೊಂಡು ಬರುವವರೂ ಇದ್ದರು. ಯಾರ ಮನೆಗೆ ಹೋದರೂ ನಡುಮನೆಯ ಗೋಡೆಯಲ್ಲಿ ಸಾಬ್ರ ಪಟ, ಹಿಂದುಗಡೆ ಅವರ ಪರದೆಯ ಕೆರೆ, ಕೆರೆಯಲ್ಲಿ ಒಂದು ಹಂಸ, ಮೂಲೆಯಲ್ಲಿ ಒತ್ತಿ ಉಬ್ಬಿಸಿದ ಮೊಹರು. ಪಟೇಲರಾಗಲಿ, ಅವರ ಮನೆಯ ಆಳಾಗಲಿ, ಬದುಕಿರುವವರಾಗಲಿ, ಸತ್ತವರಾಗಲಿ, ನಾಲ್ಕು ತಾಲ್ಲೂಕಿನ ಗೋಡೆಗಳ ಮೇಲೆ ಎಲ್ಲರಿಗೂ ಒಂದೇ ಕೆನ್ನೆ. ಬೆಣ್ಣೆಮುದ್ದೆಯಂಥ ಕೆನ್ನೆ.

ನಾನು ಹೇಳಹೊರಟಿರುವುದು ಒಂದು ಸಂಕ್ರಾಂತಿಯಿಂದ ಆಷಾಢದವರೆಗಿನ ಮಾತು. ನಮ್ಮೂರು ಗೋವಿಂದನಹಳ್ಳಿಯ ಪಕ್ಕದ್ದು. ಆಲೆಮನೆ ಶುರುವಾದರೆ ಊರಿಗೆ ಊರೇ ಬೆಲ್ಲದ ವಾಸನೆ ಹೊಡೆಯುತ್ತಿತ್ತು. ಕೊಪ್ಪರಿಗೆಯ ಬಿಸಿ ಪಾಕವನ್ನು ಕಬ್ಬಿನ ತುಂಡಿಗೆ ಸುತ್ತಿಸಿಕೊಂಡು ನೆಕ್ಕುತ್ತಾ ಬರುವುದು ನಮ್ಮ ದಿನಚರಿ. ಮನೆಯಲ್ಲಿ ಹಿತಕಿದವರೆ ಸಾರು, ಬೆರಳಿಗೆಲ್ಲ ಅವರೆಯ ಸೊಗಡು. ನಮ್ಮ ಓರಗೆಯ ಹುಡುಗಿಯರೆಲ್ಲ ಆಗ ‘ಸಾಬ್ರಾಟ’ ಎಂದು ಒಂದು ಆಟ ಕಟ್ಟಿದ್ದೆವು. ಒಬ್ಬಳು ಅವ್ವನ ಕರಿ ಲಂಗವನ್ನು ತಲೆಗೆ ಮುಸುಕು ಹಾಕಿಕೊಂಡು ಮಕ್ಕರಿಯ ಹಿಂದೆ ಕೂರಬೇಕು, ಉಳಿದವರು ಉಸಿರು ಕಟ್ಟಿ ನಿಲ್ಲಬೇಕು. ನಕ್ಕವಳು ಔಟು. ನಾನು ಯಾವಾಗಲೂ ಔಟು.

ಅಕ್ಕನ ಹೆಸರು ತಾಯಿ, ನನಗೆ ತಾಯಕ್ಕ, ನನಗಿಂತ ಬಹಳ ದೊಡ್ಡವಳು. ನಾನು ಹುಟ್ಟುವ ಎಷ್ಟೋ ಮೊದಲೇ, ಅವಳು ಇನ್ನೂ ಮಗುವಾಗಿದ್ದಾಗ, ಅವಳಿಗೆ ಅಮ್ಮ ಎದ್ದಿತ್ತು. ಸಿಡುಬನ್ನು ನಮ್ಮ ಕಡೆ ಹಾಗೇ ಕರೆಯುವುದು. ಜೀವ ಉಳಿಯಿತು, ಎರಡೂ ಕೆನ್ನೆಯ ಮೇಲೆ ಗುಳಿ ಉಳಿದವು. ‘ಅಮ್ಮ ಮುತ್ತಿಕ್ಕಿ ಬುಟ್ಟೋದ ಮೊಗ ಕಣೆ ಇದು’ ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಅಕ್ಕನ ಮಗ್ಗುಲಲ್ಲೇ ಮಲಗುತ್ತಿದ್ದೆ. ನಿದ್ದೆ ಬರುವವರೆಗೂ ಆ ಗುಳಿಗಳ ಮೇಲೆ ಬೆರಳಾಡಿಸುತ್ತಾ ಅಳಗುಳಿಮನೆ ಆಡುತ್ತಿದ್ದೆ. ಅವಳು ಬೈಯುತ್ತಿರಲಿಲ್ಲ. ಕೆನ್ನೆ ಎಂದರೆ ಹಾಗೇ ಇರುತ್ತದೆ ಎಂದು ನಾನು ತಿಳಿದಿದ್ದೆ.

ಅಪ್ಪ ಅಕ್ಕನನ್ನು ಪೇಟೆಗೆ ಕರೆದುಕೊಂಡು ಹೊರಟಾಗ ಅತ್ತು ಕರೆದು ನಾನೂ ಬಸ್ಸು ಹತ್ತಿದೆ. ಅಕ್ಕ ಅವ್ವನ ಧಾರೆ ಸೀರೆ ಉಟ್ಟಿದ್ದಳು. ಸ್ಟುಡಿಯೋದಲ್ಲಿ ಅತ್ತರು ಮತ್ತು ಯಾವುದೋ ಹುಳಿ ಔಷಧಿಯ ವಾಸನೆ. ಮೊಳೆಗೆ ನೇತುಹಾಕಿದ ಒಂದು ಕರಿ ಕೋಟು, ದಾರಕ್ಕೆ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ, ಎಲ್ಲ ಊರಿನವರಿಗೂ ಸೇರಿದ್ದು. ಸಾಬ್ರು ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ ಕ್ಯಾಮೆರಾದ ಕರಿ ಮುಸುಕಿನೊಳಗೆ ನುಗ್ಗಿದರು, ಹೊರಗೆ ಬಂದರು, ಅವಳ ಕೆನ್ನೆಯನ್ನೇ ನೋಡುತ್ತಾ ನಿಂತರು.

ಅಪ್ಪನಿಗೆ ಸಂಕೋಚ. ‘ಸಾಬ್ರೇ, ಮಗಿಗೆ ಚಿಕ್ಕೋಳಿದ್ದಾಗ ಅಮ್ಮ ಆಗಿತ್ತು’ ಎಂದ.

‘ಗೌಡ್ರೇ, ಮತ್ತೆ ನಾನಿರೋದು ಯಾತಕ್ಕೆ?’ ಎಂದರು ಸಾಬ್ರು. ‘ಗದ್ದ ಸ್ವಲ್ಪ ಕೆಳಗೆ, ಬೇಟಿ. ಉಸಿರು ಬಿಡಬೇಡ.’

ಪಟ ತರಲು ಮುಂದಿನ ಸಂತೆಯ ದಿನ ಹೋದಾಗ ಅವರಿನ್ನೂ ಅದರ ಕೆಲಸದಲ್ಲೇ ಕೂತಿದ್ದರು. ಇಳಿಜಾರು ಹಲಗೆಯಲ್ಲಿ ಒಂದು ಗಾಜು, ಗಾಜಿನ ಮೇಲೆ ಅಕ್ಕನ ನೆಗೆಟಿವ್, ಕೆಳಗಿನಿಂದ ಕನ್ನಡಿಯ ಬೆಳಕು. ಕೈಯಲ್ಲಿ ಸೂಜಿಯಷ್ಟು ಚೂಪಾದ ಪೆನ್ಸಿಲು. ನಾನು ಬಗ್ಗಿ ನೋಡಿದರೆ ಅಕ್ಕನ ಕೂದಲು ಬೆಳ್ಳಗೆ, ಮುಖ ಕರ್ರಗೆ. ನನಗೆ ಅಳುವೇ ಬಂತು.

‘ಇಲ್ಲಿ ಎಲ್ಲಾ ಉಲ್ಟಾ ಬೇಟಿ’ ಎಂದು ಸಾಬ್ರು ನಕ್ಕರು. ‘ಇಲ್ಲಿ ನಾನು ಕಪ್ಪು ತುಂಬಿದ್ರೆ, ಪಟದಲ್ಲಿ ಬೆಳಕಾಗ್ತದೆ. ನೋಡ್ತಾ ಇರು.’

ಒಂದೊಂದು ಗುಳಿಗೂ ಒಂದೊಂದು ಚುಕ್ಕಿ ಇಡುತ್ತಾ ಹೋದರು. ತುಟಿ ಅಲ್ಲಾಡುತ್ತಿತ್ತು, ಜಪ ಮಾಡುವವರ ಹಾಗೆ. ಸಾಬ್ರು ಮೋಸಗಾರರಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಕಂಡವರ ಮಗಳ ಮುಖವನ್ನು ಅಷ್ಟು ಅಕ್ಕರೆಯಿಂದ ನೋಡಿದ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ.

ಮನೆಯಲ್ಲಿ ಪಟವನ್ನು ಬಿಚ್ಚಿದಾಗ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, ‘ಇದ್ಯಾರ ಮನೆ ಎಣ್ಣು? ಲಕ್ಸಣವಾಗವ್ಳೆ’ ಎಂದಳು.

‘ಸುಮ್ಕಿರತ್ತೆ, ನಮ್ ತಾಯಿನೇ ಅದು’ ಎಂದಳು ಅವ್ವ. ಹೇಳುವಾಗ ಅವಳ ದನಿಯೂ ಗಟ್ಟಿಯಿರಲಿಲ್ಲ.

ಅಕ್ಕ ಪಟವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದಳು, ಒಳಗೆ ಹೋಗಿ ಬಂದು ಮತ್ತೆ ನೋಡಿದಳು. ಮಾರನೆಯ ದಿನದಿಂದ ಪಟದಲ್ಲಿದ್ದ ಹಾಗೇ ಬೈತಲೆ ತೆಗೆಯಲು ಶುರು ಮಾಡಿದಳು. ಸೆಗಣಿ ಬಾಚುವಾಗಲೂ ಹಾಡು. ಅಷ್ಟು ಸಂತೋಷವಾಗಿ ನಾನು ಅವಳನ್ನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಸೋದರಮಾವ ಬೋರೇಗೌಡ ಪಟವನ್ನು ಜೇಬಿಗಿಟ್ಟುಕೊಂಡು ಹೊಣಕೆರೆಗೆ ಹೋದ. ಅಲ್ಲಿಯವರು ಹುಡುಗಿ ನೋಡಲು ಎದ್ದುಬಿದ್ದು ಬಂದರು. ಉಪ್ಪಿಟ್ಟು, ಕೇಸರಿಬಾತು. ಅಕ್ಕ ತಲೆ ತಗ್ಗಿಸಿಕೊಂಡು ಎಲ್ಲರಿಗೂ ಕಾಫಿ ಕೊಟ್ಟಳು. ಗಂಡಿನ ತಾಯಿ ಲೋಟ ಕೆಳಗಿಟ್ಟು ಅವ್ವನಿಗೆ ಹೇಳಿದಳು, ‘ಕಾಪಿ ಸಂದಾಗದೆ ಕಣವ್ವ. ಇನ್ನು ಎಣ್ಣ ಕರ್ಸು, ಬಸ್ಸಿಗೆ ಒತ್ತಾಯ್ತದೆ.’

ಮಾವ ಕೆಮ್ಮಿ, ‘ಇವ್ಳೇ ಕಣಕ್ಕ ಎಣ್ಣು’ ಎಂದ.

ಆಯಮ್ಮ ಸೆರಗಿನಿಂದ ಪಟ ತೆಗೆದು ಅಕ್ಕನ ಮುಖದ ಪಕ್ಕಕ್ಕೆ ಹಿಡಿದಳು. ಆಮೇಲೆ, ಬೇಕೆಂದೇ ಅಂದಳೋ ನಿಜವಾಗಿಯೂ ಕೇಳಿದಳೋ, ‘ಅಂಗಾರೆ ಇದು ಇವ್ಳ ತಂಗಿದಾ?’ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಿ ತುಂಬ ಕೇಸರಿಬಾತು.

ಪಾಂಡವಪುರದ ಕಡೆಯವರು ಬಂದರು, ಅವರದೂ ಅದೇ ಕಥೆ. ಬರುವಾಗ ಎತ್ತಿನಗಾಡಿಯ ತುಂಬ ಜನ, ಹೋಗುವಾಗ ‘ತಿಳಿಸ್ತೀವಿ’ ಎಂಬ ಒಂದು ಮಾತು. ಪಟ ನೋಡಿ ಬರುವವರಿಗೆ ಬರವಿಲ್ಲ. ಬಂದವರೆಲ್ಲ ಪಟದವಳನ್ನು ಹುಡುಕಿ, ಸಿಗದೆ, ಅಕ್ಕನ ಮೇಲೆ ಸಿಟ್ಟು ಮಾಡಿಕೊಂಡು ಹೋಗುತ್ತಿದ್ದರು. ಅವಳು ಯಾರದೋ ಒಡವೆ ಕದ್ದು ಹಾಕಿಕೊಂಡಿದ್ದಾಳೆ ಅನ್ನುವ ಹಾಗೆ.

ಶ್ರೀರಂಗಪಟ್ಟಣದ ಗಂಡಿನ ಕಡೆಯವರು ಮಾತ್ರ ಮನೆಗೆ ಬರುವುದು ಬೇಡ, ಕರಿಘಟ್ಟದಲ್ಲಿ ದೇವರು ನೋಡಿದ ಹಾಗೂ ಆಯಿತು, ಹುಡುಗಿ ನೋಡಿದ ಹಾಗೂ ಆಯಿತು ಎಂದಿದ್ದರು. ಬೆಟ್ಟದ ಮೇಲೆ ಒಳ್ಳೆ ಗಾಳಿ. ಕೆಳಗೆ ಲೋಕಪಾವನಿ ಹೊಳೆ ಹೊಳೆಯುತ್ತಿತ್ತು. ಹುಡುಗ ಬಿಳಿ ಅಂಗಿ ಹಾಕಿದ್ದ, ಜೇಬಿನೊಳಗಿದ್ದ ಪಟ ಹೊರಗಿಂದಲೇ ಕಾಣುತ್ತಿತ್ತು. ಅಕ್ಕನನ್ನು ನೋಡಿದ, ಮುಖ ತಿರುಗಿಸಲಿಲ್ಲ. ‘ಮೆಟ್ಲತ್ತಿ ಸುಸ್ತಾಯ್ತಾ?’ ಎಂದ. ಬಂದ ಗಂಡುಗಳಲ್ಲಿ ಅವಳನ್ನು ಮಾತಾಡಿಸಿದವನು ಅವನೊಬ್ಬನೇ.

‘ಇಲ್ಲ’ ಎಂದಳು ಅಕ್ಕ. ನಿಜವಾಗಿ ಅವಳು ಏದುಸಿರು ಬಿಡುತ್ತಿದ್ದಳು.

ವಾಪಸು ಬರುವಾಗ ಬಸ್ಸಿನ ತುಂಬ ನಮ್ಮ ಮನೆಯವರ ನಗುವೇ. ವಾರ ಕಳೆದ ಮೇಲೆ ಮಾವ ಬಂದು ಜಗುಲಿಯ ಮೇಲೆ ಕೂತ. ಗಂಡಿಗೆ ಒಪ್ಪಿಗೆಯಿಲ್ಲ. ಪಟ ವಾಪಸ್ ಕೊಡಿ ಎಂದು ಮಾವ ಕೇಳಿದನಂತೆ. ‘ಉಡ್ಗ ಕೊಡಾಕಿಲ್ಲ ಅಂತಾನೆ ಕಣಕ್ಕ. ಟ್ರಂಕಿನಲ್ಲಿ ಮಡಿಕೊಂಡವ್ನಂತೆ’ ಎಂದು ಅವ್ವನಿಗೆ ಪಿಸುಗುಟ್ಟಿದ. ಬಾಗಿಲ ಹಿಂದೆ ಅಕ್ಕನಿದ್ದಳು.

‘ಅದ ಮಡಿಕೊಂಡು ಏನ್ ಮಾಡ್ತಾನಂತೆ?’ ಎಂದು ಕೇಳಿದಳು.

ಮಾರನೆಯ ದಿನ ಅವಳು ಅವ್ವನನ್ನು ಸಾಬ್ರ ಸ್ಟುಡಿಯೋಗೆ ಹೊರಡಿಸಿದಳು. ನಾನೂ ಬಾಲ. ಈ ಸಲ ಧಾರೆ ಸೀರೆ ಇಲ್ಲ, ಮನೆಯಲ್ಲುಡುವ ಸೀರೆ. ಸ್ಟೂಲಿನ ಮೇಲೆ ತಾನೇ ಹೋಗಿ ಕೂತು ಹೇಳಿದಳು.

‘ಪೆನ್ಸಿಲ್ ಮುಟ್ಟಿಸ್ಬೇಡಿ ಸಾಬ್ರೇ. ನಾ ಎಂಗಿದ್ದೀನೋ ಅಂಗೇ ಬರ್ಲಿ.’

ಸಾಬ್ರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ‘ಅದಕ್ಕೆ ನನ್ನ ಹತ್ರ ಯಾಕ್ ಬರ್ಬೇಕು ಬೇಟಿ? ಮನೆಯಾಗೆ ಕನ್ನಡಿ ಇಲ್ವಾ?’

‘ಗಂಡಿನ ಮನೆಗೆ ಕನ್ನಡಿ ಕಳ್ಸಾಕಾಯ್ತದಾ ಸಾಬ್ರೇ?’

ಸಾಬ್ರು ದೀಪವನ್ನು ಪಕ್ಕಕ್ಕೆ ಸರಿಸಿ, ಯಾವತ್ತೂ ಮುಚ್ಚಿರುತ್ತಿದ್ದ ಕಿಟಕಿಯನ್ನು ತೆರೆದರು. ಪೌಡರ್ ಕೊಡಲಿಲ್ಲ, ಗದ್ದ ಇಳಿಸು ಎನ್ನಲಿಲ್ಲ. ಅಕ್ಕ ನೇರವಾಗಿ ನೋಡಿದಳು. ಅವರು ತೆಗೆದರು.

ಆ ಪಟದಲ್ಲಿ ಅಕ್ಕ ಎಷ್ಟು ಅಕ್ಕನಾಗಿದ್ದಳೆಂದರೆ, ಅಜ್ಜಿ ಅದರ ಜೊತೆ ಮಾತಾಡಿಬಿಟ್ಟಳು. ‘ಉಂಡೇನೆ ತಾಯಿ?’ ಎಂದು ಕೇಳಿದಳು. ಮೂಲೆಯಲ್ಲಿ ಮೊಹರು ಮಾತ್ರ ಇರಲಿಲ್ಲ. ಅವ್ವ ಅದನ್ನು ಕೇಳಿದಾಗ ಸಾಬ್ರು ಹೇಳಿದ್ದಿಷ್ಟು: ‘ಇದು ನನ್ನ ಕೆಲ್ಸ ಅಲ್ಲ ತಾಯಿ. ಇದ್ರಾಗೆ ನಾನೇನೂ ಮಾಡಿಲ್ಲ.’

ಇನ್ನು ಮೇಲೆ ಬರುವವರು ನೋಡಿ, ಒಪ್ಪಿಯೇ ಬರುತ್ತಾರೆ ಎಂದು ಅಕ್ಕನ ಲೆಕ್ಕ. ಬಡವರಾಗಲಿ, ದೂರದವರಾಗಲಿ, ಬಾಗಿಲಲ್ಲಿ ನಿಂತು ಇನ್ನೊಬ್ಬಳನ್ನು ಹುಡುಕದಿದ್ದರೆ ಸಾಕಿತ್ತು ಅವಳಿಗೆ. ಮಾವ ಹೊಸ ಪಟ ಹಿಡಿದು ಅಲೆದ. ಒಬ್ಬರೂ ಬರಲಿಲ್ಲ. ಒಂದು ಸಂಜೆ ಅವ್ವ ಗದರಿ ಕೇಳಿದ ಮೇಲೆ ಬಾಯಿ ಬಿಟ್ಟ.

‘ಏನ್ ಏಳ್ಲಕ್ಕ? ಪರದೆ ಮ್ಯಾಗಳ ಅಂಸ ನೋಡುತ್ಲೂವೆ ಇದು ಸಾಬ್ರು ತೆಗ್ದಿರೋದು ಅಂತ ಗೊತ್ತಾಯ್ತದೆ. ಸಾಬ್ರ ಕೈಲೇ ಇಂಗೆ ಬಂದವ್ಳೆ ಅಂದ್ರೆ ಎದ್ರುಗೆ ಇನ್ನೆಂಗಿರ್ಬೌದು ಅಂತಾರೆ.’

‘ಪೆನ್ಸಿಲ್ ಮುಟ್ಸಿಲ್ಲ ಅಂತ ಏಳ್ಬಾರ್ದಾ?’ ಎಂದಳು ಅವ್ವ.

‘ಏಳ್ದೆ. ಇದ್ದದ್ದ ಇದ್ದಂಗೆ ತೋರ್ಸೋ ಎಣ್ಣು ಎತ್ತೋರು ಯಾವೂರಲ್ಲವ್ರಪ್ಪ ಅಂತ ನಕ್ಬುಟ್ರು.’

ನಮ್ಮ ಸೀಮೆಯವರ ಬುದ್ಧಿಯೇ ಬುದ್ಧಿ. ಸಾಬ್ರ ಪಟವನ್ನು ನೋಡಿ ನೋಡಿ ಅವರಿಗೆ ಅದರಲ್ಲಿ ಎಷ್ಟು ಕಳೆಯಬೇಕೆಂಬುದು ರೂಢಿಯಾಗಿತ್ತು. ಸುಳ್ಳು ಪಟ ಹಿಡಿದು ಬಂದವರು ಅಕ್ಕನನ್ನು ಕಂಡು ಎದ್ದು ಹೋದರು. ನಿಜವಾದ ಪಟದಲ್ಲೂ ಅಷ್ಟನ್ನೇ ಕಳೆದು, ಕಾಣದೆಯೇ ಹೆದರಿದರು. ಸುಳ್ಳಿಗೂ ಅಕ್ಕನೇ ದಂಡ ತೆತ್ತಳು, ನಿಜಕ್ಕೂ ಅವಳೇ ತೆತ್ತಳು.

ಅವತ್ತು ಅಕ್ಕ ಬಚ್ಚಲಲ್ಲಿ ಹಂಡೆಯ ಒಲೆಗೆ ಕಬ್ಬಿನ ರವದಿ ತುರುಕುತ್ತಾ ಕೂತಿದ್ದಳು. ಅವ್ವ ಬಂದು, ‘ಸನಿ ಪಟ’ ಎಂದು ಹೊಸ ಪಟವನ್ನು ಒಲೆಯ ಬಾಯಿಗೆ ಎಸೆದಳು. ಅರ್ಧ ಒಳಗೆ, ಅರ್ಧ ಹೊರಗೆ ಬಿತ್ತು. ಅಕ್ಕ ಎತ್ತಿಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ಕೋಲಿನಿಂದ ಅದನ್ನು ಪೂರ್ತಿ ಒಳಕ್ಕೆ ನೂಕಿದಳು.

‘ನೀರು ಕಾದದೆ, ಬಾ ಉಯ್ಯುತೀನಿ’ ಎಂದು ನನ್ನನ್ನು ಕರೆದಳು.

ಆಷಾಢ ಕಳೆಯಿತು. ನಾಗಮಂಗಲದಾಚೆಯ ಒಬ್ಬ, ಹೆಂಡತಿ ಸತ್ತವನು, ಹಸು ಕರೆಯಲು, ಮಕ್ಕಳನ್ನು ನೋಡಿಕೊಳ್ಳಲು ಹೆಣ್ಣು ಬೇಕೆಂದು ಹೇಳಿ ಕಳಿಸಿದ. ಎರಡನೇ ಸಂಬಂಧಕ್ಕೆ ಯಾರೂ ಪಟ ಕೇಳುವುದಿಲ್ಲ. ಧಾರೆ ದೇವಸ್ಥಾನದಲ್ಲೇ ಆಯಿತು, ಫೋಟೋದವರನ್ನು ಕರೆಯಲಿಲ್ಲ. ಮೊದಲ ಬಾಣಂತನದಲ್ಲೇ ಅಕ್ಕ ಹೋದಳು, ಕೂಸೂ ಉಳಿಯಲಿಲ್ಲ. ಅವಳು ಅಲ್ಲಿ ಸುಖವಾಗಿದ್ದಳೇ ಎಂದು ನಾನು ಅವ್ವನನ್ನು ಒಂದು ಸಲ ಕೇಳಿದ್ದೆ. ‘ಇದ್ಲು’ ಎಂದಳು, ಸುಖವಾಗಿದ್ದಳು ಎನ್ನುವುದಕ್ಕೂ ಬರೀ ಇದ್ದಳು ಎನ್ನುವುದಕ್ಕೂ ಆಗುವ ಮಾತು.

ಕಲರ್ ಫೋಟೋ ಬಂದ ಮೇಲೆ ಸಾಬ್ರ ಪೆನ್ಸಿಲಿಗೆ ಕೆಲಸ ಉಳಿಯಲಿಲ್ಲ. ಮೈಸೂರಿನ ಮಗಳ ಮನೆಗೆ ಹೋದರಂತೆ, ಅಲ್ಲೇ ತೀರಿಕೊಂಡರಂತೆ. ಸ್ಟುಡಿಯೋ ಇದ್ದ ಕಡೆ ಈಗ ಮೊಬೈಲ್ ರಿಪೇರಿ ಅಂಗಡಿ.

ಅಕ್ಕನ ಮದುವೆಯ ಆಮೇಲೆ ಹುಟ್ಟಿದ ನನ್ನ ತಮ್ಮ ಕಟ್ಟಿಸಿದ ಹೊಸ ಮನೆಯಲ್ಲಿ ಅಕ್ಕನ ಪಟಕ್ಕೆ ಪ್ಲಾಸ್ಟಿಕ್ ಹಾರ, ಪುಟ್ಟ ದೀಪ. ಸಾಬ್ರು ಆಗ ಹಾಕಿಕೊಟ್ಟ ಪ್ರತಿಗಳಲ್ಲಿ ಉಳಿದ ಒಂದು, ಬೆಣ್ಣೆಕೆನ್ನೆಯದು. ಕಳೆದ ಪಿತೃಪಕ್ಷದಲ್ಲಿ ಹೋಗಿದ್ದಾಗ ತಮ್ಮನ ಮೊಮ್ಮಗಳು ಅದನ್ನು ಫೋನಿನಲ್ಲಿ ತೆಗೆದುಕೊಳ್ಳುತ್ತಾ, ‘ಎಷ್ಟ್ ಚೆಂದ ಅವ್ರೆ ಅಲ್ವಾ ಅಜ್ಜಿ?’ ಎಂದಳು.

‘ಅಂಗಿರ್ಲಿಲ್ಲ ಕಣೆ ಅವ್ಳು. ಅವ್ಳ ಕೆನ್ನೆ ತುಂಬ ಗುಳಿ ಇದ್ವು’ ಎಂದೆ.

‘ಏನಜ್ಜಿ ನೀನು, ಪೋಟದಲ್ಲೇ ಕಾಣ್ತದಲ್ಲ!’ ಎಂದು ನಕ್ಕು ಮಗು ಹೋಯಿತು. ತಮ್ಮನೂ ಅನುಮಾನದಿಂದ ನನ್ನನ್ನು ನೋಡಿದ. ಅಕ್ಕ ಹೋದಾಗ ಅವನು ತೊಟ್ಟಿಲಲ್ಲಿದ್ದ.

ವಾದ ಮಾಡೋಣವೆಂದು ಕಣ್ಣು ಮುಚ್ಚಿಕೊಂಡೆ. ದೊಡ್ಡ ಗುಳಿ ಇದ್ದದ್ದು ಎಡಗೆನ್ನೆಯ ಮೇಲೋ, ಬಲಗೆನ್ನೆಯ ಮೇಲೋ? ಹುಬ್ಬಿನ ಹತ್ತಿರ ಒಂದಿತ್ತಲ್ಲವೇ? ಎಷ್ಟು ತಡಕಿದರೂ ಅಕ್ಕ ಬರಲಿಲ್ಲ. ಬಂದವಳು ಸಾಬ್ರ ಹುಡುಗಿ, ನುಣುಪು ಕೆನ್ನೆಯವಳು, ಉಸಿರು ಬಿಗಿಹಿಡಿದು ಕೂತವಳು. ಮೊದಮೊದಲು ಅವಳನ್ನು ಆಚೆ ಕಳಿಸುವುದು ನನಗೆ ಆಗುತ್ತಿತ್ತು. ಈಗ ಆಗುತ್ತಿಲ್ಲ. ಅಜ್ಜಿ ಇಲ್ಲ, ಅವ್ವ ಇಲ್ಲ, ಅಪ್ಪ ಇಲ್ಲ, ಮಾವ ಇಲ್ಲ. ನಮ್ಮಕ್ಕ ಹೇಗಿದ್ದಳು ಎಂದು ಕೇಳುವುದಕ್ಕೆ ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನು ಯಾರೂ ಉಳಿದಿಲ್ಲ.