ಖಾಲಿ ಮನೆಗಳ ಮುಂದೆ ಟೋಪಿ ತೆಗೆಯುವವನು

ರಘುನಂದನ ಜನರಿರುವ ಕೋಣೆಗೆ ಬಾಗಿಲು ತಟ್ಟದೆ ನುಗ್ಗುತ್ತಿದ್ದ. ಯಾರೂ ಇಲ್ಲದ ಮನೆ ಕಂಡರೆ ಮಾತ್ರ ಟೋಪಿ ತೆಗೆದು, ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ ನಿಲ್ಲುತ್ತಿದ್ದ. ಮೊದಲನೆಯದನ್ನು ನಾನೇ ಅನುಭವಿಸಿದ್ದೇನೆ, ಸ್ನಾನದ ಮನೆಯೂ ಸೇರಿದಂತೆ. ಎರಡನೆಯದನ್ನು ಆತನ ವಿಡಿಯೊಗಳಲ್ಲಿ ನೋಡಿದೆ. ನೆವಾಡದ ಮರುಭೂಮಿ, ಚಾವಣಿ ಕುಸಿದ ಒಂದು ಮರದ ಮನೆ, ಅದರ ಮುಂದೆ ಅಗಲ ಅಂಚಿನ ತೊಗಲು ಟೋಪಿ ಹಿಡಿದು ನಿಂತ ಮೈಸೂರಿನ ಈ ಮಹಾನುಭಾವ. ಆ ಟೋಪಿಯನ್ನು ಐರ್ಲೆಂಡಿನ ಕಾರ್ಕ್‌ನ ಮಳೆಯಲ್ಲೂ ಹಾಕುತ್ತಿದ್ದ, ಅಡುಗೆಮನೆಯಲ್ಲೂ ಹಾಕುತ್ತಿದ್ದ. ಅದರ ತೊಗಲಿಗೆ ಸಾರಿನ ವಾಸನೆ ಹತ್ತಿಹೋಗಿತ್ತು.

ಎದುರಿಗೆ ಆತನನ್ನು ನಾನು 'ನೀವು' ಎಂದೇ ಮಾತನಾಡಿಸಿದ್ದು. ನನಗಿಂತ ಹದಿನೈದು ವರ್ಷ ದೊಡ್ಡವನು, ಕಾರ್ಕ್‌ನ ಹಾಲಿಹಿಲ್ ಬಡಾವಣೆಯಲ್ಲಿ ನಾವಿಬ್ಬರೂ ಇದ್ದ ಮನೆಯ ಬಾಡಿಗೆ ಕರಾರು ಆತನ ಹೆಸರಿನಲ್ಲಿತ್ತು. ಬರೆಯುವಾಗ ಮಾತ್ರ ಆ ಬಹುವಚನ ಕೈಯಿಂದ ಹೊರಡುವುದಿಲ್ಲ.

ನನಗೆ ದಿನಚರಿ ಬರೆಯುವ ಅಭ್ಯಾಸ. ಯಾವುದನ್ನಾದರೂ ಮೂರು ಸಲ ಕಂಡರೆ ಅಂಚಿನಲ್ಲಿ ಗೀಟು ಹಾಕಿ ಎಣಿಸುವ ಚಟವೂ ಇದೆ. 2020ರ ಮಾರ್ಚ್‌ನಲ್ಲಿ ಕಚೇರಿ ಮುಚ್ಚಿ ಇಬ್ಬರೂ ಮನೆಯಿಂದಲೇ ಕೆಲಸ ಶುರುಮಾಡಿದ ಮೇಲೆ ಎಣಿಸಲು ಆತನನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಆ ವರ್ಷವಿಡೀ ಆತ ಪಾತ್ರೆ ತೊಳೆದದ್ದು ಹನ್ನೊಂದು ಸಲ. "ಮರುಭೂಮಿ ಮನುಷ್ಯನಿಗೆ ವಿನಯ ಕಲಿಸತ್ತೆ ಕಣೋ" ಎಂದದ್ದು ಬೇಸಿಗೆ ಮುಗಿಯುವ ಮೊದಲೇ ಐವತ್ತು ದಾಟಿತು. ಆಮೇಲೆ ಗೀಟು ಹಾಕುವುದನ್ನು ಬಿಟ್ಟೆ.

ಐರ್ಲೆಂಡಿಗೆ ಬರುವ ಮೊದಲು ಆತ ಕಂಪನಿಯ ಕೆಲಸದ ಮೇಲೆ ಮೂರು ವರ್ಷ ನೆವಾಡದಲ್ಲಿದ್ದ. ಶನಿವಾರ, ಭಾನುವಾರ ಕಾರು ಬಾಡಿಗೆಗೆ ತೆಗೆದುಕೊಂಡು ಪಾಳುಬಿದ್ದ ಗಣಿ ಊರುಗಳನ್ನು ಹುಡುಕಿಕೊಂಡು ಹೋಗುತ್ತಿದ್ದ. ಬೆಳ್ಳಿಯೋ ಚಿನ್ನವೋ ಸಿಕ್ಕಿತೆಂದು ನಾಲ್ಕು ದಿನದಲ್ಲಿ ಎದ್ದ ಊರುಗಳು, ಅದಿರು ಮುಗಿದಾಗ ಅಷ್ಟೇ ಬೇಗ ಜನ ಬಿಟ್ಟುಹೋದ ಊರುಗಳು. ಬ್ಯಾಂಕಿನ ಒಂದು ಗೋಡೆ ನಿಂತಿರುತ್ತದೆ, ಶಾಲೆಯ ಮೆಟ್ಟಿಲು ಎಲ್ಲಿಗೂ ಹೋಗದೆ ಆಕಾಶ ನೋಡುತ್ತಿರುತ್ತದೆ, ಮೈಲಿಗಟ್ಟಲೆ ಸುತ್ತ ಉಸಿರಾಡುವ ಜೀವ ಇರುವುದಿಲ್ಲ. ಇದನ್ನೆಲ್ಲ ಆತ ಚೆನ್ನಾಗಿಯೇ ಹೇಳುತ್ತಿದ್ದ. ಮೊದಲ ಸಲ ಕೇಳಿದಾಗ ನನಗೂ ಮೈ ಜುಮ್ಮೆಂದದ್ದು ನಿಜ.

ಪ್ರತಿ ಊರಿನಿಂದ ಒಂದು ಸಾಮಾನು ಎತ್ತಿಕೊಂಡು ಬಂದಿದ್ದ. ಬಿಸಿಲಿಗೆ ನೇರಳೆ ಬಣ್ಣಕ್ಕೆ ತಿರುಗಿದ ಗಾಜಿನ ಸೀಸೆ, ಚೌಕ ಮೊಳೆಗಳು, ತುಕ್ಕು ಹಿಡಿದ ಮೀನಿನ ಡಬ್ಬಿ, ಯಾವುದೋ ಮಗುವಿನ ಬೂಟಿನ ಅಟ್ಟೆ. ಎಲ್ಲವೂ ನಮ್ಮ ಹಜಾರದ ಕಿಟಕಿಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಬಿಳಿ ಚೀಟಿ ಅಂಟಿಸಿ ಊರಿನ ಹೆಸರು, ತಿಂಗಳು, ವರ್ಷ ಬರೆದಿದ್ದ. "ಒಂದು ಊರು, ಒಂದು ಸಾಮಾನು. ಎರಡನೇದು ಮುಟ್ಟಿದ್ರೆ ಕಳ್ಳತನ" ಎನ್ನುತ್ತಿದ್ದ. ಮೊದಲನೆಯದು ಏನಾಗುತ್ತದೆ ಎಂದು ಕೇಳಿದೆ. "ಗೌರವ" ಎಂದ.

ಇಷ್ಟು ಪಾಳು ಊರು ನೋಡಿದವನು ಕೋಲಾರದ ಗಣಿಗೆ ಹೋಗಿರಬೇಕೆಂದು ಕೇಳಿದ್ದೆ. ಆತ ಮೂಗು ಮುರಿದ. "ಅಲ್ಲಿ ಇನ್ನೂ ಜನ ಇದ್ದಾರಲ್ಲಪ್ಪ. ಗಣಿ ಮುಚ್ಚಿದ್ರೂ ಜಾಗ ಬಿಟ್ಟಿಲ್ಲ. ಮನೆ ಮುಂದೆಲ್ಲ ಬಟ್ಟೆ ಒಣಗಾಕಿರ್ತಾರೆ. ಫೋಟೋ ಬರಲ್ಲ."

ಲಾಕ್‌ಡೌನ್‌ನಲ್ಲಿ ಇಲ್ಲಿನ ಕನ್ನಡಿಗರಿಗಾಗಿ ಶನಿವಾರ ಸಂಜೆ ಜೂಮ್‌ನಲ್ಲಿ ಮಾತಾಡಲು ಶುರುಮಾಡಿದ. ಮೊದಲ ವಾರ ನಲವತ್ತೊಂದು ಜನ ಬಂದರು. ಕೊನೆಯ ವಾರ ಆರು ಜನ, ಅದರಲ್ಲಿ ಒಬ್ಬ ನಾನು, ಇನ್ನೊಬ್ಬಳು ಕ್ಯಾಮೆರಾ ಮುಚ್ಚಿ ಮಗುವಿಗೆ ಊಟ ಮಾಡಿಸುತ್ತಿದ್ದ ಕಿಲ್ಕೆನ್ನಿಯ ನರ್ಸ್. ಪಾಳು ಹೋಟೆಲಿನಲ್ಲಿ ಒಬ್ಬನೇ ಮಲಗಿದ್ದಾಗ ಬಾಗಿಲಿಗೆ ಕಾಡುಪ್ರಾಣಿ ಬಂದ ಕಥೆ ಆತನ ಮುಖ್ಯ ಐಟಂ. ಏಪ್ರಿಲ್‌ನಲ್ಲಿ ಅದೊಂದು ನರಿ. ಜೂನ್‌ನಲ್ಲಿ ಮೂರು ತೋಳ. ದೀಪಾವಳಿಯ ಹೊತ್ತಿಗೆ ಚಿರತೆಯಷ್ಟು ದೊಡ್ಡ ಬೆಟ್ಟದ ಬೆಕ್ಕು. ನನ್ನ ದಿನಚರಿಯಲ್ಲಿ ಮೂರೂ ಇವೆ. ಇನ್ನೊಂದು ವರ್ಷ ಲಾಕ್‌ಡೌನ್ ಇದ್ದಿದ್ದರೆ ಆನೆ ಬರುತ್ತಿತ್ತು.

ಪಕ್ಕದ ಮನೆಯಲ್ಲಿ ನೋರಾ ಇದ್ದರು. ಎಂಬತ್ತು ದಾಟಿದ ವಿಧವೆ, ಒಬ್ಬರೇ. ಮಗಳು ಐಲೀನ್ ಆಸ್ಟ್ರೇಲಿಯದ ಪರ್ತ್‌ನಲ್ಲಿ. ಎಪ್ಪತ್ತು ಮೀರಿದವರು ಮನೆಬಿಟ್ಟು ಹೊರಡಬಾರದು ಎಂದಾಗ ಅವರ ಹಾಲು, ಬ್ರೆಡ್, ಚಹಾಪುಡಿ ತರುವ ಕೆಲಸ ನನ್ನದಾಯಿತು. ಅವರ ಮನೆಯ ಒಂದು ಬೀಗದ ಕೈ ನಮ್ಮ ಅಡುಗೆಮನೆಯ ಮೊಳೆಗೆ ಬಂತು. ಅವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ, 'ಗ್ರ್ಯಾಂಡ್' ಒಂದನ್ನು ಬಿಟ್ಟು. ಇಲ್ಲಿನವರ ಬಾಯಲ್ಲಿ ಅದು 'ಒಳ್ಳೆಯದೇ' ಆಗಬಹುದು, 'ಪರವಾಗಿಲ್ಲ ಬಿಡು' ಕೂಡ ಆಗಬಹುದು, ಅದಕ್ಕೆ ನನಗೆ ಕನ್ನಡ ಸಿಕ್ಕಿಲ್ಲ.

ಜೂನ್‌ನ ಒಂದು ಸಂಜೆ ಹಿತ್ತಲಿನ ಗಿಡ್ಡ ಗೋಡೆಯ ಆ ಕಡೆ ನೋರಾ ಕುರ್ಚಿ ಹಾಕಿಕೊಂಡು ಕೂತಿದ್ದರು. ಈ ಕಡೆ ರಘುನಂದನ ಟೋಪಿ ಹಾಕಿಕೊಂಡು ನೆವಾಡ ಬಿಚ್ಚುತ್ತಿದ್ದ.

"ಆ ಊರಲ್ಲಿ ಸ್ಮಶಾನ ಇತ್ತಾ?" ಎಂದು ನೋರಾ ಕೇಳಿದರು.

"ಅದ್ಭುತವಾದ ಸ್ಮಶಾನ."

"ಸಲಿವನ್ ಅಂತ ಹೆಸರು ಕಂಡಿತಾ? ಪಶ್ಚಿಮ ಕಾರ್ಕ್‌ನ ತಾಮ್ರದ ಗಣಿ ಮುಚ್ಚಿದಾಗ ನಮ್ಮಜ್ಜನ ಅಣ್ಣಂದಿರಿಬ್ಬರು ಆ ಕಡೆ ಹೋದವರು. ಮತ್ತೆ ಸುದ್ದಿಯೇ ಬರಲಿಲ್ಲ."

"ಹೆಸರು ನೋಡಲಿಲ್ಲ. ಆದರೆ ಆ ಸಮಾಧಿ ಹಲಗೆಗಳ ಗೆರೆ ಇದೆಯಲ್ಲ," ಎಂದು ಫೋನ್ ಚಾಚಿದ. ಚಿತ್ರದ ತುಂಬ ಮರದ ಗೆರೆ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಸತ್ತೋರ ಹೆಸರು ಓದ್ತಾ ಕೂತ್ರೆ ಸಂಜೆ ಬೆಳಕು ಹೋಗ್ಬಿಡತ್ತೆ ಗುರೂ" ಎಂದ.

ಇನ್ನೊಂದು ಊರಿನಲ್ಲಿ ಒಬ್ಬ ಮುದುಕ ಉಳಿದುಕೊಂಡಿದ್ದನಂತೆ. ಇಡೀ ಊರಿಗೆ ಅವನೊಬ್ಬನೇ. ಬಿಸಿಲಲ್ಲಿ ಬಂದ ಈತನನ್ನು ಕರೆದು ಕಾಫಿ ಕೊಟ್ಟನಂತೆ. "ಆಮೇಲೆ ಹೋಗಿ ವರಾಂಡದಲ್ಲಿ ಕೂತುಬಿಟ್ಟ. ಎಲ್ಲಿ ಕ್ಯಾಮೆರಾ ಹಿಡಿದರೂ ಅವನೇ. ಒಳಗೆ ಹೋಗುವವರೆಗೆ ಎರಡು ಗಂಟೆ ಕಾದೆ," ಎಂದ.

"ಅವನ ಹೆಸರೇನು?" ಎಂದರು ನೋರಾ.

"ಕೇಳಲಿಲ್ಲ."

ಆತ ಒಳಗೆ ಹೋದ ಮೇಲೆ ನೋರಾ ನನಗೆ ಹೇಳಿದರು: "ನಿನ್ನ ಗೆಳೆಯ ಗ್ರ್ಯಾಂಡ್ ಮನುಷ್ಯ. ಅವನು ಕ್ಯಾಮೆರಾ ತಂದ ದಿನ ನಾನು ಕಿಟಕಿಯಲ್ಲಿ ನಿಂತಿರಬಾರದು, ಅಷ್ಟೆ."

ಆಗಸ್ಟ್‌ನಲ್ಲಿ ನಿರ್ಬಂಧ ಸ್ವಲ್ಪ ಸಡಿಲವಾದಾಗ ಇಬ್ಬರನ್ನೂ ಚಹಾಕ್ಕೆ ಕರೆದರು. ಅವರ ಅಡುಗೆಮನೆಯ ಕಪಾಟಿನ ಕೆಳಗೆ ಎರಡು ಕೊಕ್ಕೆ, ಎರಡರಲ್ಲೂ ನೀಲಿ ಪಟ್ಟಿಯ ಮಗ್. ಅಂಚು ಒಡೆದದ್ದು ಅವರದು, ದಿನಾ ಬಳಸುವುದು. ಇನ್ನೊಂದಕ್ಕೆ ರಘುನಂದನ ಕೈಹಾಕಿದ. "ಅದನ್ನು ಬಿಡಪ್ಪ," ಎಂದರು ನೋರಾ ಮೆತ್ತಗೆ. "ನನ್ನ ಗಂಡ ಡೆನಿಸ್‌ನದು. ಅವನು ಹೋದ ಮೇಲೆ ಅದನ್ನು ಯಾರೂ ಇಳಿಸಿಲ್ಲ." ಆತ ಕೈ ಹಿಂದೆಳೆದುಕೊಂಡ. ಆ ಮಾತು ಆತನಿಗೆ ಕೇಳಿಸಿತ್ತು ಎಂಬುದಕ್ಕಾಗಿ ಇದನ್ನು ಹೇಳಿದೆ.

2021ರ ಜನವರಿಯಲ್ಲಿ ನೋರಾರನ್ನು ಆಂಬ್ಯುಲೆನ್ಸ್ ಕರೆದೊಯ್ದಿತು. ಅವರು ಹಿಂತಿರುಗಲಿಲ್ಲ. ಅಂತ್ಯಕ್ರಿಯೆಗೆ ಹತ್ತು ಜನರಿಗಷ್ಟೇ ಅನುಮತಿ, ಪರ್ತ್‌ನಿಂದ ಮಗಳು ಬರುವಂತಿರಲಿಲ್ಲ. ಶವದ ಕಾರು ನಮ್ಮ ಬೀದಿಯಲ್ಲಿ ನಿಧಾನವಾಗಿ ಸಾಗಿತು. ನೆರೆಯವರೆಲ್ಲ ತಂತಮ್ಮ ಗೇಟಿನ ಬಳಿ ತಲೆ ತಗ್ಗಿಸಿ ನಿಂತೆವು. ರಘುನಂದನನೂ ನಿಂತ, ಕಿವಿಯಲ್ಲಿ ಮೀಟಿಂಗ್ ಸಿಕ್ಕಿಸಿಕೊಂಡು. ಕಾರು ನಮ್ಮ ಮುಂದೆ ಬಂದಾಗ ಗಟ್ಟಿಯಾಗಿ "ಇಲ್ಲ, ಶುಕ್ರವಾರದೊಳಗೆ ಆಗಲ್ಲ" ಎಂದ. ಟೋಪಿ ತಲೆಯ ಮೇಲೇ ಇತ್ತು.

ವಾರ ಕಳೆದಿರಬೇಕು. ಕಿಟಕಿಕಟ್ಟೆಯ ಮೇಲೆ ನೇರಳೆ ಸೀಸೆಗೂ ಮೀನಿನ ಡಬ್ಬಿಗೂ ನಡುವೆ ನೀಲಿ ಪಟ್ಟಿಯ ಮಗ್ ಕೂತಿತ್ತು. ಚೀಟಿಯೂ ಅಂಟಿತ್ತು: ಕಾರ್ಕ್, ಜನವರಿ 2021.

"ಇದು ಡೆನಿಸ್ ಅವರದು," ಎಂದೆ.

"ಗೊತ್ತು. ಅದಕ್ಕೇ ತಂದೆ. ಕಥೆ ಇರೋ ಸಾಮಾನು."

"ಅವರ ಮನೆಗೆ ಹೋಗಿದ್ರಾ ನೀವು?"

"ಅವರ ಮನೆ ಎಲ್ಲಿಂದ ಬಂತೋ, ಈಗ ಖಾಲಿ. ನಾಳೆ ಯಾರೋ ಬಂದು ಎಲ್ಲಾನೂ ಕಸಕ್ಕೆ ಹಾಕ್ತಾರೆ. ಒಂದೇ ಒಂದು ತಗೊಂಡಿದ್ದೀನಿ, ಬೇರೆ ಏನೂ ಮುಟ್ಟಿಲ್ಲ. ಬಾಗಿಲಲ್ಲಿ ಟೋಪಿ ತೆಗ್ದೇ ಹೋಗಿದ್ದು."

"ವಾಪಸ್ ಇಡಿ ಸರ್."

"ಇಡ್ತೀನಿ ಬಿಡೋ, ಎಲ್ಲಿ ಓಡೋಗತ್ತೆ."

ಇಡಲಿಲ್ಲ. ಬೀಗದ ಕೈಯನ್ನು ಆತ ತನ್ನ ಜೇಬಿಗೆ ಹಾಕಿಕೊಂಡಿದ್ದ. ನಾನು ದಿನಾ ಕೇಳಿದೆ, ಆತ ದಿನಾ ನಾಳೆ ಎಂದ. ಅಷ್ಟರಲ್ಲಿ ಐಲೀನ್ ನನಗೆ ಫೋನ್ ಮಾಡಿದಳು. ಮುಂದಿನ ವಾರ ಯಾರೋ ಸೋದರಸಂಬಂಧಿ ಬಂದು ಮನೆ ಖಾಲಿ ಮಾಡುತ್ತಾನೆ, ಅದಕ್ಕೆ ಮೊದಲು ವಿಡಿಯೊ ಕಾಲ್‌ನಲ್ಲಿ ಒಮ್ಮೆ ಮನೆ ತೋರಿಸಬಹುದೇ ಎಂದು ಕೇಳಿದಳು. "ಅಮ್ಮ ಆ ವರ್ಷವೆಲ್ಲ ಒಬ್ಬಳೇ ಇದ್ದಳು ಅನ್ನುವುದೇ ತಲೆಯಿಂದ ಹೋಗುತ್ತಿಲ್ಲ. ಅವಳು ಕೂರುತ್ತಿದ್ದ ಜಾಗವನ್ನಾದರೂ ನೋಡಬೇಕು," ಎಂದಳು.

ನಾನು ತೋರಿಸುತ್ತೇನೆಂದೆ. ರಘುನಂದನ ಬಿಡಲಿಲ್ಲ. "ನಿನ್ನ ಕೈ ನಡುಗತ್ತೆ. ಖಾಲಿ ಮನೆ ತೋರ್ಸೋದು ಒಂದು ಕಲೆ ಕಣೋ," ಎಂದು ಫೋನ್ ಅಲುಗದಂತೆ ಹಿಡಿಯುವ ತನ್ನ ಕೋಲು ತೆಗೆದ. ಮಗ್ ಅನ್ನು ಕೊಕ್ಕೆಗೆ ಹಾಕಿ ಆಮೇಲೆ ಶುರುಮಾಡಿ ಎಂದೆ. ಹೂಂ ಎಂದವನು ಮರೆತನೋ, ಮರೆತಂತೆ ಮಾಡಿದನೋ, ನಾನು ಗೇಟು ದಾಟುವಷ್ಟರಲ್ಲಿ ಕಾಲ್ ಶುರುಮಾಡಿಬಿಟ್ಟಿದ್ದ.

ಒಂದು ವಿಷಯ ಒಪ್ಪಬೇಕು. ಆ ಕೆಲಸವನ್ನು ಆತ ಚೆನ್ನಾಗಿ ಮಾಡಿದ. ಪ್ರತಿ ಬಾಗಿಲಲ್ಲೂ ನಿಂತು "ಒಳಗೆ ಹೋಗಲಾ?" ಎಂದು ಕೇಳಿದ. ಕುರ್ಚಿಯ ದಿಂಬಿನ ಮೇಲೆ, ಕಿಟಕಿಯ ಪರದೆಯ ಮೇಲೆ, ಬಾಗಿಲ ಹಿಂದೆ ನೇತಾಡುತ್ತಿದ್ದ ಕೋಟಿನ ಮೇಲೆ ಬೇಕಾದಷ್ಟು ಹೊತ್ತು ನಿಂತ. ಫೋನಿನಿಂದ ಐಲೀನ್ ಸಣ್ಣಗೆ ಅಳುವುದು ಕೇಳುತ್ತಿತ್ತು. ನಾಲ್ಕು ಹೆಜ್ಜೆ ಹಿಂದೆ ನಾನು ಮಾಸ್ಕ್ ಹಾಕಿಕೊಂಡು ನಡೆಯುತ್ತಿದ್ದೆ.

ಅಡುಗೆಮನೆಗೆ ಬಂದಾಗ ಅವಳು "ನಿಲ್ಲಿ" ಎಂದಳು. "ಅಪ್ಪನ ಮಗ್ ಎಲ್ಲಿ?"

ಒಂದು ಕೊಕ್ಕೆಯಲ್ಲಿ ಅಂಚು ಒಡೆದ ಮಗ್. ಇನ್ನೊಂದು ಕೊಕ್ಕೆ ಖಾಲಿ. ಆತನ ಕೈಯಲ್ಲಿದ್ದ ಕೋಲು ಸ್ವಲ್ಪವೂ ಅಲುಗಲಿಲ್ಲ.

"ನನ್ನ ಹತ್ತಿರ ಇದೆ. ಕ್ರಿಸ್‌ಮಸ್‌ಗೆ ಮೊದಲು ಅವರೇ ಕೊಟ್ಟರು," ಎಂದ. "ಇನ್ನು ಮೇಲೆ ಇದರಲ್ಲಿ ಯಾರಾದರೂ ಕುಡಿಯಬೇಕು ಅಂದರು."

ನಾನು ಬಾಯಿ ತೆರೆಯಬೇಕೆಂದುಕೊಳ್ಳುವಷ್ಟರಲ್ಲಿ ಐಲೀನ್ ಮಾತಾಡಿದಳು. "ಅದನ್ನು ಅಮ್ಮ ನನಗೂ ಮುಟ್ಟಲು ಬಿಡುತ್ತಿರಲಿಲ್ಲ. ನಿಮಗೆ ಕೊಟ್ಟಳು ಅಂದರೆ..." "ಹಾಗಾದರೆ ಅವಳು ಒಬ್ಬಳೇ ಇರಲಿಲ್ಲ."

"ಇರಲೇ ಇಲ್ಲ," ಎಂದ ರಘುನಂದನ.

ನಾನು ಸತ್ಯ ಹೇಳಿದ್ದರೆ ಕಳ್ಳ ಸಿಕ್ಕಿಬೀಳುತ್ತಿದ್ದ. ಆದರೆ ಭೂಮಿಯ ಆ ತುದಿಯಲ್ಲಿ ಕೂತಿದ್ದ ಅವಳ ಪಾಲಿಗೆ ಅಮ್ಮ ಮತ್ತೆ ಒಂಟಿಯಾಗುತ್ತಿದ್ದಳು.

ಹೊರಗೆ ಬಂದ ಮೇಲೆ ಆತ ಕೋಲನ್ನು ಮಡಿಸುತ್ತ, "ನೋಡ್ದಾ, ಎಷ್ಟು ಸಮಾಧಾನ ಆಯ್ತು ಪಾಪ ಅವ್ಳಿಗೆ," ಎಂದ. ಮುಖದಲ್ಲಿ ನಾಚಿಕೆ ಹುಡುಕಿದೆ. ಉಪಕಾರ ಮಾಡಿದವನ ತೃಪ್ತಿಯಿತ್ತು. ಮುಂದಿನ ತಿಂಗಳು ಮತ್ತೆ ಶುರುವಾದ ಜೂಮ್ ಮಾತಿನಲ್ಲಿ ಮಗ್ ಅನ್ನು ಎತ್ತಿ ತೋರಿಸಿ, ಐರಿಶ್ ಅಜ್ಜಿಯೊಬ್ಬರು ಸಾಯುವ ಮುಂಚೆ ಇದನ್ನು ನನ್ನ ಕೈಗಿಟ್ಟು ಅತ್ತರು ಎಂದ. ನರಿ ಚಿರತೆಯಾಗಲು ಏಳು ತಿಂಗಳು ಹಿಡಿದಿತ್ತು. ಇದಕ್ಕೆ ನಾಲ್ಕು ವಾರ ಸಾಕಾಯಿತು. ಹೇಳುವಾಗ ಆತನ ಕಣ್ಣು ನಿಜವಾಗಿಯೂ ತುಂಬಿತ್ತು. ನನಗೆ ಅಸಹ್ಯವಾದದ್ದು ಆ ನೀರು.

ಆ ಬೇಸಿಗೆಯಲ್ಲಿ ಬೇರೆ ಕೆಲಸ ಸಿಕ್ಕಿ ಆತ ಮೇನೂತ್ ಎಂಬ ಊರಿಗೆ ಹೊರಟ. ಸೀಸೆ, ಮೊಳೆ, ಅಟ್ಟೆ, ಮಗ್ ಎಲ್ಲವನ್ನೂ ಒಂದೊಂದಾಗಿ ಗುಳ್ಳೆಗಳಿರುವ ಪ್ಲಾಸ್ಟಿಕ್‌ನಲ್ಲಿ ಸುತ್ತಿದ. ಕಾರು ಹತ್ತುವ ಮುಂಚೆ ತಿರುಗಿ ನಮ್ಮ ಮನೆಯನ್ನು ನೋಡಿದ. ಒಳಗೆ ನಾನಿದ್ದೆ, ಆದ್ದರಿಂದ ಟೋಪಿ ತೆಗೆಯಲಿಲ್ಲ. ಆತನನ್ನು ಕೊನೆಯ ಸಲ ನೋಡಿದ್ದು ಅದೇ.

2022ರ ಮೇ ತಿಂಗಳಲ್ಲಿ ಗಡಿಗಳು ತೆರೆದ ಮೇಲೆ ಐಲೀನ್ ಬಂದಳು. ಅಮ್ಮನ ಸಮಾಧಿಗೆ ಹೋಗಿ, ಅಲ್ಲಿಂದ ನೇರವಾಗಿ ನಮ್ಮ ಬಾಗಿಲಿಗೆ. ನನ್ನನ್ನು ನೋಡಿ, "ಹಾಲು ತರುತ್ತಿದ್ದ ಹುಡುಗ ನೀನೇ ಅಲ್ವಾ, ಅಮ್ಮ ಹೇಳುತ್ತಿದ್ದಳು," ಎಂದಳು. ರಘುನಂದನ ಎಲ್ಲಿ ಎಂದು ಕೇಳಿದಳು. ಊರು ಬಿಟ್ಟಿದ್ದಾರೆ ಎಂದೆ. ಕೈಯಲ್ಲಿ ದಿನಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವಿತ್ತು. ಬಿಚ್ಚಿದಳು. ಅಂಚು ಒಡೆದ ನೀಲಿ ಪಟ್ಟಿಯ ಮಗ್.

"ಜೋಡಿ ಬೇರೆಯಾಗಬಾರದು. ಅಪ್ಪನದು ಅವರ ಹತ್ತಿರ ಇದ್ದರೆ ಅಮ್ಮನದೂ ಅಲ್ಲೇ ಇರಲಿ. ಆ ವರ್ಷ ನಾನು ಬದುಕಿದ್ದು ಆ ಒಂದು ಮಾತಿನ ಮೇಲೆ," ಎಂದಳು. "ತಲುಪಿಸುತ್ತೀಯಾ?"

ಹೂಂ ಎಂದೆ.

ಅವಳು ಹೋದ ಮೇಲೆ ಆತನಿಗೆ ಮೆಸೇಜ್ ಹಾಕಿದೆ. ಕೂಡಲೇ ಉತ್ತರ ಬಂತು: "ಸೂಪರ್ ಗುರೂ. ಸೆಟ್ ಕಂಪ್ಲೀಟ್ ಆಗತ್ತೆ. ಕೊರಿಯರ್ ಮಾಡು." ಐಲೀನ್ ಹೇಗಿದ್ದಾಳೆ ಎಂದು ಕೇಳಿರಲಿಲ್ಲ.

ಅಂದಿನಿಂದ ಐದು ಸಲ ನೆನಪಿಸಿದ್ದಾನೆ. ಮುಂದಿನ ವಾರ ಎನ್ನುತ್ತೇನೆ, ನಾಳೆ ಎನ್ನುತ್ತೇನೆ. ಕೊನೆಯ ಮೆಸೇಜಿನಲ್ಲಿ ಸ್ವಲ್ಪ ಕಳವಳವಿತ್ತು: "ಹುಷಾರು ಕಣೋ, ಹಳೇದು. ಹಿಡಿ ಹಿಡ್ಕೊಂಡು ಎತ್ಬೇಡ, ಕಿತ್ತು ಬರತ್ತೆ."

ದಿನಾ ಬೆಳಿಗ್ಗೆ ಹಿಡಿ ಹಿಡಿದೇ ಎತ್ತುತ್ತೇನೆ. ಅಂಚು ಒಡೆದ ಜಾಗವನ್ನು ಆ ಕಡೆ ತಿರುಗಿಸಿಕೊಂಡರೆ ತುಟಿಗೆ ತಾಗುವುದಿಲ್ಲ. ಕಾಫಿ ಬಹಳ ಹೊತ್ತು ಬಿಸಿಯಾಗಿರುತ್ತದೆ.