ಕುಂಕುಮ ಹಚ್ಚಿದ ಫ್ಲಾಪಿ

ಕಚೇರಿಯಲ್ಲಿ ನನ್ನ ಮೇಜಿನ ಕೆಳಗಿನ ಡ್ರಾಯರ್ ಬಹಳ ವರ್ಷಗಳಿಂದ ಪೂರ್ತಿ ತೆರೆಯುತ್ತಿರಲಿಲ್ಲ. ಮುಂದಿನ ವಾರ ನಿವೃತ್ತಿ. ಖಾಲಿ ಮಾಡಿಕೊಡಬೇಕಲ್ಲ ಎಂದು ಮೊನ್ನೆ ಎರಡೂ ಕೈ ಹಾಕಿ ಜಗ್ಗಿದೆ. ಹಳೆಯ ಪ್ಲಾಸ್ಟಿಕ್ಕಿನ ವಾಸನೆ ಬಂತು, ಅದರ ಹಿಂದೆಯೇ ಕರ್ಪೂರದ್ದು... ಕರ್ಪೂರ ನನ್ನ ಭ್ರಮೆಯೇ ಇರಬೇಕು, ಮೂವತ್ತೈದು ವರ್ಷ ಯಾವ ಕರ್ಪೂರದ ವಾಸನೆ ಉಳಿದೀತು? ಫೈಲುಗಳ ತಳದಲ್ಲಿ ಒಂದು ಕಂದು ಲಕೋಟೆ ಇತ್ತು. ಒಳಗೇನಿದೆ ಎಂದು ನೋಡದೆಯೇ ಗೊತ್ತಿತ್ತು. ಅಂಗೈಗಿಂತ ತುಸು ಅಗಲದ, ಹಿಡಿದರೆ ಬಾಗುವ ಕಪ್ಪು ಫ್ಲಾಪಿ. ಕೈಗೆ ಬಂದ ದಿನದಿಂದ ಆ ಲಕೋಟೆಯನ್ನು ನಾನು ಬಿಚ್ಚಿರಲಿಲ್ಲ.

ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಸಿಂಧನೂರಿನ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಕ್ಲಾಸ್ ನಡೆಯುತ್ತಿತ್ತು. ಮೂರು ಮಷೀನು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕೆಳಗಿನಿಂದ ಯೂರಿಯಾ ವಾಸನೆ, ಒಳಗೆ ಬಿಸಿಯಾದ ಮಷೀನಿನ ವಾಸನೆ. ಕಲಿಸುವವಳು, ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಮನೆತನದವಳು. ನನಗಿಂತ ನಾಲ್ಕೇ ವರ್ಷ ದೊಡ್ಡವಳು, ಆದರೂ ಎಲ್ಲರಿಗೂ ಅಕ್ಕ. ಮನೆಯಲ್ಲಿ ಬಂಗಾಲಿ, ನಮ್ಮ ಜೊತೆ ಅಪ್ಪಟ ಸಿಂಧನೂರಿನ ಮಾತು. ಬೈದರಂತೂ ಕ್ಯಾಂಪು ಯಾವುದು, ಊರು ಯಾವುದು ಎಂದು ತಿಳಿಯುತ್ತಿರಲಿಲ್ಲ.

ನಾನು ತುರ್ವಿಹಾಳದಿಂದ ಬಸ್ಸಿಗೆ ಬರುತ್ತಿದ್ದೆ. ಬಿ.ಎಸ್ಸಿ. ಮುಗಿಸಿದ್ದೆ, ಅದರ ಜಂಬವೂ ಇತ್ತು. ಅಕ್ಕ ಪಿಯುಸಿಗೇ ಓದು ಬಿಟ್ಟಿದ್ದಳು. ರಾಯಚೂರಿನಲ್ಲಿ ಒಂದು ವರ್ಷ ಕಂಪ್ಯೂಟರ್ ಕಲಿತು ತಂದ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಒಂದು ದಿನ ನಾನು, ಡಿಗ್ರಿ ಇಲ್ಲದೆ ಇದರಿಂದ ಏನಾದೀತು ಎನ್ನುವ ಹಾಗೆ ಅದನ್ನು ನೋಡುತ್ತಿದ್ದೆ. ಅಕ್ಕ ನಕ್ಕಳು. "ನಿಂದು ದೊಡ್ಡ ಕಾಗದ ಖರೇ ಬೇ. ಆದ್ರ ಮಷೀನು ಕೆಟ್ಟು ಕುಂತಾಗ ಅದನ್ನ ತೋರಿಸು, ಚಾಲೂ ಆಕ್ಕೈತೇನು ನೋಡೂಣು."

ಆ ಮಷೀನುಗಳಲ್ಲಿ ಏನೂ ಉಳಿಯುತ್ತಿರಲಿಲ್ಲ. ಮಾಡಿದ್ದನ್ನೆಲ್ಲ ಫ್ಲಾಪಿಗೆ ಇಳಿಸಬೇಕು, ಇಲ್ಲದಿದ್ದರೆ ಕರೆಂಟು ಹೋದ ಕೂಡಲೇ ಎಲ್ಲ ಮಣ್ಣುಪಾಲು. ಅಕ್ಕ ಬೆನ್ನ ಹಿಂದೆ ಬಂದು ನಿಂತು ಐದೈದು ನಿಮಿಷಕ್ಕೆ ಕೇಳುತ್ತಿದ್ದಳು: "ಸೇವ್ ಮಾಡೀಯೇನು?" ಫ್ಲಾಪಿ ಕೆಟ್ಟರೆ ಬಿಸಾಡುತ್ತಿರಲಿಲ್ಲ. ಅದರ ಕಾಗದದ ಕವರಿನ ಮೇಲೆ ಪೆನ್ಸಿಲಿನಲ್ಲಿ ಕಾರಣ ಬರೆದು ಒಂದು ಡಬ್ಬಿಯಲ್ಲಿ ಇಡುತ್ತಿದ್ದಳು. 'ನೀರು ಬಿದ್ದದ್ದು.' 'ಬಿಸಿಲಿಗೆ ಬಾಗಿದ್ದು.' 'ಚಹಾ.' ಯಾರ ಕೈಯಿಂದ ಕೆಟ್ಟಿತು ಎಂಬುದನ್ನು ಮಾತ್ರ ಒಂದರ ಮೇಲೂ ಬರೆಯಲಿಲ್ಲ. ಹೊಸಬರು ಬಂದರೆ ಡಬ್ಬಿ ತೆಗೆದು ತೋರಿಸಿ, "ಇವು ನಮ್ಮ ಮಾಸ್ತರ್ರು" ಎನ್ನುತ್ತಿದ್ದಳು.

ಲಿಂಗಸುಗೂರಿನ ಒಂದು ಬೀಜದ ಕಚೇರಿಗೆ ಆ ವರ್ಷ ಕಂಪ್ಯೂಟರ್ ಬಂದಿತ್ತು. ನಡೆಸುವವರು ಯಾರೂ ಇರಲಿಲ್ಲ. ಹುದ್ದೆಗೆ ಪದವಿ ಬೇಕು ಎಂದು ನಿಯಮ. ಅಲ್ಲಿಯ ಸಾಹೇಬರು ಮಾತ್ರ ಅಕ್ಕನ ಅರ್ಜಿ ನೋಡಿ, "ಕೆಲಸ ಮಾಡಿ ತೋರಿಸು. ಮಷೀನಿನ ಮ್ಯಾಲೆ ಕಣ್ಣಾರೆ ಕಂಡ್ರ, ಈಕಿಗೆ ಡಿಗ್ರಿ ಬ್ಯಾಡ ಅಂತ ಮ್ಯಾಲಿನವರಿಗೆ ನಾನs ಬರೀತೀನಿ" ಎಂದಿದ್ದರು. ಒಂದೇ ಒಂದು ಅವಕಾಶ. ಅಕ್ಕ ಎರಡು ತಿಂಗಳು ಕೂತು ಒಂದು ಪ್ರೋಗ್ರಾಂ ಬರೆದಳು. ರೈತನ ಹೆಸರು ಒತ್ತಿದರೆ ಸಾಕು, ಅವನು ಯಾವ ಭತ್ತದ ಬೀಜ ಒಯ್ದ, ಮೊಳಕೆ ಹೇಗೆ ಬಂತು, ಎಲ್ಲ ಪರದೆಯ ಮೇಲೆ. ಅದಕ್ಕಾಗಿ ದಢೇಸುಗೂರಿನ ಗದ್ದೆಗಳಲ್ಲಿ ತಿರುಗಿ, ಕೆಸರು ಕಾಲಿನಲ್ಲೇ ಕ್ಲಾಸಿಗೆ ಬಂದದ್ದೂ ಉಂಟು. ಎಲ್ಲವೂ ಒಂದೇ ಫ್ಲಾಪಿಯಲ್ಲಿತ್ತು. ಇನ್ನೊಂದು ಖಾಲಿ ಫ್ಲಾಪಿ ರಾಯಚೂರಿನಿಂದ ಬರಬೇಕಿತ್ತು, ಬಂದಿರಲಿಲ್ಲ.

ಅಷ್ಟರಲ್ಲಿ ದಸರಾ ಬಂತು. ಕ್ಯಾಂಪಿನಲ್ಲಿ ದುರ್ಗಾ ಪೂಜೆ, ಅಕ್ಕ ನಾಲ್ಕು ದಿನ ಮನೆಗೆ ಹೋದಳು. ಕೀಲಿ ನನ್ನ ಕೈಯಲ್ಲಿತ್ತು. ನಮ್ಮ ಕಡೆ ಆಯುಧ ಪೂಜೆಯ ದಿನ ಕುಡುಗೋಲು, ರಂಟಿ, ಟ್ರ್ಯಾಕ್ಟರ್ ಯಾವುದನ್ನೂ ಬಿಡುವುದಿಲ್ಲ, ಕಂಪ್ಯೂಟರ್ ಬಿಡುತ್ತೇವೆಯೇ? ನಾನು ಮೂರೂ ಮಷೀನು ಒರೆಸಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದೆ. ಎಲ್ಲರ ಫ್ಲಾಪಿಗಳಿಗೂ ಕವರಿನ ಮೇಲೆ ಒಂದೊಂದು ಬೊಟ್ಟು ಇಟ್ಟೆ. ಅಕ್ಕನದು ಬಂದಾಗ ಮನಸ್ಸು ತಡೆಯಲಿಲ್ಲ. ಲಿಂಗಸುಗೂರಿಗೆ ಹೋಗುವ ಫ್ಲಾಪಿ, ಅದಕ್ಕೆ ಬರೀ ಕವರಿನ ಮೇಲೆ ಹಚ್ಚಿದರೆ ಹೇಗೆ? ಹೊರಗೆ ತೆಗೆದೆ. ಕಪ್ಪು ಹೊದಿಕೆಯಲ್ಲಿ ಉದ್ದನೆಯ ಒಂದು ಕಿಂಡಿ, ಅಲ್ಲಿ ಒಳಗಿನ ಕಂದು ಬಿಲ್ಲೆ ಕಾಣುತ್ತದೆ. ನನ್ನ ಕಣ್ಣಿಗೆ ಅದೇ ಅದರ ಮುಖ. ಅಲ್ಲಿ ಬೆರಳು ತಾಗಿಸಬಾರದು ಎಂದು ಅಕ್ಕ ನೂರು ಸಲ ಹೇಳಿದ್ದಳು. ಹಾಗೆಂದೇ ನಾನು, ಜಾಣೆ ನೋಡಿ, ಬೆರಳು ತಾಗಿಸದೆ ಹೂವಿನ ದೇಟಿನಿಂದ ಹಸಿ ಕುಂಕುಮ ಹಚ್ಚಿದೆ. ಅಕ್ಕನಿಗೆ ಆ ನೌಕರಿ ಆಗಲಿ ಎಂದು ಬೇಡಿಕೊಂಡು, ಹಸಿಯಿದ್ದಾಗಲೇ ಕವರಿನೊಳಗೆ ಇಟ್ಟೆ. ಅದರಲ್ಲಿ ಕಪಟವಿರಲಿಲ್ಲ, ದೇವರಾಣೆ.

ಮರುದಿನ ಏನೋ ಕಸಿವಿಸಿಯಾಗಿ ಮಷೀನಿಗೆ ಹಾಕಿ ನೋಡಿದೆ. ಕರ್ ಕರ್ ಎಂದಿತು, ಓದಲಿಲ್ಲ. ಕರವಸ್ತ್ರದಿಂದ ಒರೆಸಿದೆ, ಇನ್ನಷ್ಟು ಹರಡಿತು. ಕಣ್ಣಿಗೆ ಕಾಣದಷ್ಟು ಒರೆಸಿ ಕವರಿನೊಳಗೆ ಇಟ್ಟುಬಿಟ್ಟೆ.

ಅಕ್ಕ ಬಂದಳು. ಕ್ಯಾಂಪಿನಿಂದ ಸಂದೇಶ್ ಮಿಠಾಯಿ ತಂದಿದ್ದಳು, ಮೊದಲ ತುಂಡು ನನಗೇ ಕೊಟ್ಟಳು. ನಾನಿನ್ನೂ ಅಗಿಯುತ್ತಿದ್ದಾಗಲೇ ಕೇಳಿದಳು.

"ಫ್ಲಾಪಿ ಎಲ್ಲಾ ನೆಟ್ಟಗ ಅದಾವಲ್ಲ?"

"ಅದಾವ್ರೀ ಅಕ್ಕಾ."

ಲಿಂಗಸುಗೂರಿಗೆ ಇನ್ನೂ ಎಂಟು ದಿನವಿತ್ತು. ನೋಟ್‌ಬುಕ್ಕಿನಲ್ಲಿ ಬರೆದದ್ದೆಲ್ಲ ಇತ್ತು. ನಾನು ಬಾಯಿಬಿಟ್ಟಿದ್ದರೆ, ಇಬ್ಬರೂ ಕೂತು ಮತ್ತೆ ಟೈಪ್ ಮಾಡಬಹುದಿತ್ತು. ಎಂಟೂ ದಿನ ನಾಳೆ ಹೇಳಿದರಾಯಿತು ಎಂದುಕೊಂಡೆ. ಅಕ್ಕನೂ ಆ ಫ್ಲಾಪಿಯನ್ನು ಮತ್ತೆ ಮಷೀನಿಗೆ ಹಾಕಲಿಲ್ಲ. ತೆಗೆದು ಹಾಕಿ ಮಾಡಿದರೆ ಸವೆದೀತು ಎಂಬ ಕಾಳಜಿ ಅವಳಿಗೆ...

ಹೋಗುವ ದಿನ ಅಕ್ಕ ನನ್ನನ್ನೇ ಜೊತೆಗೆ ಕರೆದಳು. ಮಸ್ಕಿ ದಾಟುವವರೆಗೂ ಫ್ಲಾಪಿಯ ಚೀಲವನ್ನು ಎದೆಗೆ ಒತ್ತಿಕೊಂಡೇ ಕೂತಿದ್ದಳು. ಕಚೇರಿಯಲ್ಲಿ ಸಾಹೇಬರು, ಇಬ್ಬರು ಗುಮಾಸ್ತರು ಸುತ್ತ ನಿಂತರು. ಅಕ್ಕ ಫ್ಲಾಪಿ ಹಾಕಿದಳು. ಕರ್ ಕರ್... ಮತ್ತೆ ಹಾಕಿದಳು. ಮೂರನೆಯ ಸಲ ಹೊರತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ.

"ನಂದs ತಪ್ಪುರೀ ಸಾಹೇಬ್ರ. ಬಸ್ಸಿನ್ಯಾಗ ಧೂಳು ಹೊಕ್ಕಿರಬೇಕು," ಎಂದಳು. ಇನ್ನೆಂಟು ದಿನ ಸಮಯ ಕೇಳಿದಳು. ಸಾಹೇಬರು ಒಳ್ಳೆಯವರೇ, ಆದರೆ ಅಂದು ಸಂಜೆಯೊಳಗೆ ಕಾಗದ ಮೇಲಕ್ಕೆ ಹೋಗಬೇಕಿತ್ತು. ನನ್ನತ್ತ ತಿರುಗಿ, "ನೀ ಏನು ಓದೀದಿ ಬೇ?" ಎಂದರು. "ಬಿ.ಎಸ್ಸಿ. ರೀ" ಎಂದೆ. ಆ ಮಾತು ಹೇಳುವಾಗ ನನ್ನ ದನಿಯಲ್ಲಿ ಹಳೆಯ ಜಂಬ ಇತ್ತೇ? ಇತ್ತು. ಅದೇ ನನ್ನನ್ನು ಇಂದಿಗೂ ಸುಡುತ್ತದೆ. "ಹಂಗಾರ ನೀನs ಒಂದು ಅರ್ಜಿ ಬರದು ಕೊಡು" ಎಂದರು. ನನ್ನ ಕೈಯಲ್ಲಿ ಪೆನ್ನು ಇರಲಿಲ್ಲ. ಅಕ್ಕ ತನ್ನದನ್ನು ಕೊಟ್ಟಳು. "ಬರಿ. ನಿನಗರ ಆಗಲಿ."

ತಿರುಗಿ ಬರುವಾಗ ಮಸ್ಕಿಯಲ್ಲಿ ಬಸ್ಸು ಬದಲಿಸಲು ಇಳಿದೆವು. ನಾನು ಚಹಾ ತರಲು ಹೋದೆ. ಬರುವಷ್ಟರಲ್ಲಿ ಅಕ್ಕ ಮೊಣಕಾಲ ಮೇಲೆ ಏನೋ ಇಟ್ಟುಕೊಂಡು ಬರೆಯುತ್ತಿದ್ದಳು. ಬರೆದದ್ದನ್ನು ಕಂದು ಲಕೋಟೆಗೆ ಹಾಕಿ, ಅಂಟಿಸಿ ನನ್ನ ಕೈಗಿಟ್ಟಳು. "ಫ್ಲಾಪಿ ನೀನs ಇಟ್ಕೋ. ನೌಕರಿ ಆದ್ಮ್ಯಾಲೆ ನೋಡೀಯಂತ."

ನೌಕರಿ ಆಯಿತು. ಅಕ್ಕ ಕಲಿಸಿದ್ದನ್ನು ಬಿಟ್ಟರೆ ನನಗೆ ಮಷೀನಿನ ಬಗ್ಗೆ ಬೇರೇನೂ ಗೊತ್ತಿರಲಿಲ್ಲ. ಸಂಬಳ ಬಂದದ್ದು ಡಿಗ್ರಿಗೆ. ಸಿಂಧನೂರಿನ ಕ್ಲಾಸು ಒಂದೆರಡು ವರ್ಷಕ್ಕೆ ಮುಚ್ಚಿತು. ಒಮ್ಮೆ ಕ್ಯಾಂಪಿನವರೆಗೂ ಹೋಗಿ, ಅವಳ ಓಣಿಯ ಬಾಯಿಂದಲೇ ವಾಪಸು ಬಂದೆ. ಅಕ್ಕ ಅಲ್ಲಿ ಹೊಲಿಗೆ ಮಷೀನು ಹಾಕಿಕೊಂಡಿದ್ದಾಳೆ ಎಂದು ಯಾರೋ ಹೇಳಿದರು... ಆದರೆ ಅವಳು ನನ್ನನ್ನು ಬಿಡಲಿಲ್ಲ. ಹಾಡಹಗಲು, ಕಚೇರಿ ತುಂಬ ಜನ ಇರುವಾಗ, ಕರೆಂಟು ಹೋಗಿ ಪರದೆ ಕಪ್ಪಾದರೆ ಆ ಗಾಜಿನಲ್ಲಿ ನನ್ನ ಭುಜದ ಹಿಂದೆ ಯಾರೋ ನಿಂತ ಹಾಗೆ ಕಾಣುತ್ತಿತ್ತು. ಸೇವ್ ಮಾಡೀಯೇನು? ತಿರುಗಿದರೆ ಬೀರು ಮಾತ್ರ. ಕಚೇರಿಯ ಜನ ನನ್ನನ್ನು ಹೆದರುಪುಕ್ಕಲಿ ಎಂದು ಕಾಡಿಸುತ್ತಿದ್ದರು, ನಾನೂ ಅವರ ಜೊತೆ ನಗುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಕ್ಯಾಂಪಿನ ರೈತನೊಬ್ಬ ಬೀಜಕ್ಕೆಂದು ಬಂದಿದ್ದ. ಕೇಳಬಾರದು ಎಂದುಕೊಂಡೇ ಕೇಳಿದೆ. "ಆ ಅಕ್ಕ ಹೋಗಿ ಒಂದು ವರ್ಷಾತು ಬಿಡ್ರೀ ಮೇಡಂ," ಎಂದ. ಅವನಿಗೆ ಚೀಟಿ ಕೊಟ್ಟು ಕಳಿಸಿ, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಹೋದ ತಿಂಗಳು ನಮ್ಮ ತುರ್ವಿಹಾಳದ್ದೇ ಒಬ್ಬ ಹುಡುಗಿ ಕಂಪ್ಯೂಟರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸರ್ಟಿಫಿಕೇಟುಗಳು ಆರೋ ಏಳೋ ಇದ್ದವು, ಡಿಗ್ರಿ ಇರಲಿಲ್ಲ. "ಮಾಡಿ ತೋರಿಸ್ತೀನ್ರೀ ಮೇಡಂ," ಎಂದಳು. ನಿಯಮದಲ್ಲಿ ಅವಕಾಶ ಇಲ್ಲ ಎಂದೆ. ಅವಳ ಹೆಸರಿನ ಮೇಲೆ ಅಡ್ಡಗೀಟು ಎಳೆದವಳು ನಾನೇ.

ಮೊನ್ನೆ ಆ ಲಕೋಟೆ ಬಿಚ್ಚಿದೆ. ಅಂಟು ಒಣಗಿ ತಾನೇ ಬಿಟ್ಟುಕೊಂಡಿತ್ತು. ಮೂವತ್ತೈದು ವರ್ಷ ನಾನು, ಅಕ್ಕ ಬಸ್ಸಿನ ಧೂಳು ಎಂದೇ ನಂಬಿದಳು ಎಂದುಕೊಂಡು ಬದುಕಿದ್ದೆ. ಫ್ಲಾಪಿಯನ್ನು ಹೊರಗೆ ಎಳೆದರೆ ಕವರಿನ ಒಳಮೈಯಲ್ಲಿ ಕೆಂಪು ಕಲೆ. ಹೊರಗೆ ಪೆನ್ಸಿಲಿನಲ್ಲಿ, ಡಬ್ಬಿಯ ಫ್ಲಾಪಿಗಳ ಮೇಲೆ ಬರೆಯುತ್ತಿದ್ದ ಅದೇ ದುಂಡನೆಯ ಅಕ್ಷರಗಳಲ್ಲಿ ಎರಡೇ ಪದ ಇದ್ದವು: 'ಕುಂಕುಮ ಹಚ್ಚಿದ್ದು.'

ಯಾರು ಎಂದು ಬರೆದಿರಲಿಲ್ಲ.