ಮೈಟೊಕಾಂಡ್ರಿಯದ ಗೋತ್ರ

...ಅಥವಾ ಹೆಣ್ಣು ನೋಡಲು ಬಂದ ಆ ನೆಂಟರು ಯಲ್ಲಾಪುರದವರಲ್ಲದೆ ಬೇರೆ ಕಡೆಯವರೂ ಆಗಿರಬಹುದು. ಅವತ್ತು ಹಾಸಿದ್ದ ಜಮಖಾನೆ ಕೆಂಪು ಎಂದು ಈಗ ಪ್ರಮಾಣ ಮಾಡಬಲ್ಲೆ. ಆದರೆ ಹತ್ತು ವರ್ಷದ ಹಿಂದೆ ಅದನ್ನೇ ನೀಲಿ ಎಂದೂ ಪ್ರಮಾಣ ಮಾಡಿದ್ದೆ. ನೆನಪು ಪ್ರತಿ ಸಲ ಸಾಕ್ಷಿ ಹೇಳಲು ಬರುವಾಗ ಅಂಗಿ ಬದಲಿಸಿಕೊಂಡೇ ಬರುತ್ತದೆ. ಇವತ್ತು ಮಧ್ಯಾಹ್ನ ಶಿರಸಿಯಿಂದ ವೀಣಾ ಕಳಿಸಿದ ತೊಡದೇವಿನ ಪೊಟ್ಟಣ ಬಂತು. ಕಬ್ಬಿನ ಹಾಲಿನ ವಾಸನೆಯ, ಕಾಗದದಷ್ಟು ತೆಳ್ಳಗಿನ ಆ ಸಿಹಿಯನ್ನು ಮುರಿದದ್ದೇ ತಡ, ಹಳೆಯ ಅಪರಾಧವೊಂದು ನೆನಪಾಯಿತು. ವೀಣಾ ನನ್ನ ಚಿಕ್ಕಮ್ಮನ ಮಗಳು. ಅವಳಿಗೆ ಗಟ್ಟಿಯಾಗುತ್ತಿದ್ದ ಸಂಬಂಧವೊಂದನ್ನು ನಾನು ಮುರಿದಿದ್ದೇನೆ. ಅದಕ್ಕೆ ಬಳಸಿದ ಆಯುಧ ಮೈಟೊಕಾಂಡ್ರಿಯ.

ನಗಬೇಡಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಅಂದರೆ ಅಲ್ಲಿ ಜಿರಲೆ ಕೊಯ್ದು, ಬಂದ ತಿಳುವಳಿಕೆಯನ್ನು ರಜೆಯಲ್ಲಿ ಸಿದ್ದಾಪುರದ ನೆಂಟರಿಗೆ ಬೇಡವೆಂದರೂ ಬಡಿಸುತ್ತಿದ್ದೆ. ಚಿಕ್ಕಮ್ಮನ ಮನೆಯಲ್ಲೇ ಅಮ್ಮಮ್ಮನೂ ಇದ್ದಳು, ನನ್ನ ಆಯಿಗೂ ಚಿಕ್ಕಮ್ಮನಿಗೂ ಆಯಿ, ಅಂದರೆ ಹೆತ್ತ ತಾಯಿ. ಅವಳಿಗೆ ಆಗ ಮರೆವು ಶುರುವಾಗಿತ್ತು. ಮೊದಲು ಮರೆತದ್ದು ಜಗಳಗಳನ್ನು. ಎಷ್ಟೋ ವರ್ಷ ಮಾತು ಬಿಟ್ಟಿದ್ದ ಪಕ್ಕದ ಮನೆಯವರನ್ನು ಕರೆದು ಕೂರಿಸಿ ಕಷಾಯ ಕೊಟ್ಟ ದಿನ ಮನೆಯವರೆಲ್ಲ ಗಾಬರಿಯಾದರು. ನಮ್ಮ ಕಡೆ ಯಾರಾದರೂ ಹಗೆ ಮರೆತರೆಂದರೆ ಅದು ದೊಡ್ಡ ಮನಸ್ಸಲ್ಲ, ದೊಡ್ಡ ಕಾಯಿಲೆ. ಹುಬ್ಬಳ್ಳಿಯ ಡಾಕ್ಟರು ಅದಕ್ಕೆ ಆಲ್ಝೈಮರ್ ಎಂಬ ಹೆಸರಿಟ್ಟು ಕಳಿಸಿದರು.

ಅಂಥ ದಿನಗಳಲ್ಲಿ ವೀಣಾಳನ್ನು ನೋಡಲು ಯಲ್ಲಾಪುರದಿಂದ (ಅಲ್ಲಿಂದಲೇ ಎಂದಿಟ್ಟುಕೊಳ್ಳೋಣ) ಹುಡುಗ ಮತ್ತು ಅವನ ತಾಯಿ ಬಂದರು. ಜಾತಕ ಮೊದಲೇ ಕೂಡಿಬಂದಿತ್ತು. ಇಬ್ಬರು ಭಟ್ಟರು ಬೇರೆಬೇರೆಯಾಗಿ ನೋಡಿ, ಅಪರೂಪಕ್ಕೆ ಒಂದೇ ಮಾತು ಹೇಳಿದ್ದರು. ಹುಡುಗನ ಫೋಟೊವನ್ನು ವೀಣಾ ಪುಸ್ತಕದೊಳಗಿಟ್ಟು ಎರಡು ಸಲ ನೋಡಿದ್ದನ್ನು ನಾನು ಮೂರು ಸಲ ನೋಡಿದ್ದೆ. ಅವರು ಹೋಗುವವರೆಗೆ ಅಮ್ಮಮ್ಮನನ್ನು ಹಿಂದಿನ ಕೋಣೆಯಲ್ಲಿ ಮಾತಾಡಿಸುತ್ತಾ ಕೂರುವುದು ನನಗೆ ಒಪ್ಪಿಸಿದ ಕೆಲಸ. ಕೇಸರಿಬಾತಿನ ತುಪ್ಪದ ವಾಸನೆಗೆ ನಾನು ಎದ್ದು ಹೊರಗೆ ಬಂದೆ. ನನ್ನ ಹಿಂದೆಯೇ ಅಮ್ಮಮ್ಮನೂ ಬಂದಳು.

"ತಮಾ, ನಿಂಗ್ಳದ್ದು ಯಾವ ಊರಾತು?" ಎಂದು ಹುಡುಗನನ್ನು ಕೇಳಿದಳು. ಅವನು ಹೇಳಿದ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಅವನು ಮತ್ತೆ ಹೇಳಿದ. ಮೂರನೆಯ ಸಲಕ್ಕೆ ಚಿಕ್ಕಮ್ಮ ಸೆರಗು ತಿರುಚುತ್ತ, "ವಯಸ್ಸಾತು, ಸ್ವಲ್ಪ ಮರವು" ಎಂದಳು.

"ಅದಕ್ಕೆಂತ, ಎಂಗ್ಳ ಮನೆ ಅತ್ತೇರೂ ಹಂಗೇಯ" ಎಂದರು ಹುಡುಗನ ತಾಯಿ.

ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಜಗಲಿಯಲ್ಲಿ ವಿಜ್ಞಾನವೂ ಒಂದು ತಟ್ಟೆ ಹಿಡಿದುಕೊಂಡು ಕೂತಿತ್ತಲ್ಲ. ನಾನು ಗಂಟಲು ಸರಿಮಾಡಿಕೊಂಡೆ. ಇದು ಬರೀ ವಯಸ್ಸಿನ ಮರೆವಲ್ಲ ಎಂದೆ. ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಸಣ್ಣ ಸಣ್ಣ ಒಲೆಗಳಿವೆ, ಉಂಡ ಅನ್ನ ಶಕ್ತಿಯಾಗುವುದು ಅಲ್ಲೇ, ಮಿದುಳಿಗೆ ಬೇರೆಲ್ಲಕ್ಕಿಂತ ಹಸಿವು ಜಾಸ್ತಿ, ಆ ಒಲೆಗಳು ಸರಿಯಾಗಿ ಉರಿಯದಿದ್ದರೆ ಇಂಥ ಮರೆವು ಬರುತ್ತದೆಂದು ಕೆಲವರ ಗುಮಾನಿ ಎಂದೆ. ಒಲೆ ಕೆಟ್ಟು ರೋಗ ಬಂತೋ, ರೋಗ ಬಂದು ಒಲೆ ಕೆಟ್ಟಿತೋ ಇನ್ನೂ ಇತ್ಯರ್ಥವಾಗಿಲ್ಲ ಎಂದೂ ಹೇಳಿದೆ ಅನ್ನಿಸುತ್ತದೆ. ಇಲ್ಲ, ಹೇಳಿರಲಾರೆ. ಇಪ್ಪತ್ತೆರಡು ವರ್ಷದ ಬಾಯಲ್ಲಿ 'ಇತ್ಯರ್ಥವಾಗಿಲ್ಲ' ಎಂಬ ಮಾತು ಬರುವುದಿಲ್ಲ. ಬಂದದ್ದು ಇದು: "ಮತ್ತೆ ಈ ಒಲೆ ಇದ್ದಲ, ಅದು ಬಪ್ಪದು ಆಯಿಯಿಂದ ಮಾತ್ರ. ಅಪ್ಪಂದು ಎಂತದೂ ಇಲ್ಲೆ."

ವಾಕ್ಯ ಸರಿಯಾಗಿಯೇ ಇತ್ತು. ಸರಿಯಾದ ವಾಕ್ಯದಷ್ಟು ಕೆಡುಕು ಮಾಡುವಂಥದ್ದು ಇನ್ನೊಂದಿಲ್ಲ.

ಹುಡುಗನ ತಾಯಿ ತಟ್ಟೆ ಕೆಳಗಿಟ್ಟರು. ಗೋತ್ರ ಎಣಿಸಿ ಪಳಗಿದ ಬೆರಳುಗಳು ಮೊದಲ ಬಾರಿಗೆ ಹೆಂಗಸರನ್ನು ಎಣಿಸಿದವು: ಅಮ್ಮಮ್ಮ, ಚಿಕ್ಕಮ್ಮ, ವೀಣಾ. "ಹಂಗಾರೆ ಈ ಕೂಸಿಗೂ ಅದೇ ಒಲೆ ಬೈಂದು ಹೇಳಾತು" ಎಂದು ವೀಣಾಳನ್ನು ನೋಡಿದರು. ಆಮೇಲೆ ಅಮ್ಮಮ್ಮನ ಕಡೆ ತಿರುಗಿ, "ನಿಂಗ್ಳ ಆಯಿಗೂ ಮರವು ಇದ್ದಿತ್ತ?" ಎಂದು ಕೇಳಿದರು.

"ಯನ್ನ ಆಯಿಯ?" ಅಮ್ಮಮ್ಮನಿಗೆ ಖುಷಿಯಾಯಿತು. "ಈಗಷ್ಟೇ ನೀರಿಗೆ ಹೇಳಿ ಬಾವಿಗೆ ಹೋತು. ಈಗ ಬತ್ತು, ಕೂತ್ಗಳಿ."

ಆ ಆಯಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಬಾಗಿಲ ಬಳಿಯಿಂದ ವೀಣಾ, "ಅಣ್ಣಾ, ನಿನ್ನ ಆಯಿ ಯನ್ನ ಆಯಿಯ ಅಕ್ಕ ಅಲ್ದ? ನಿಂಗೂ ಅದೇ ಒಲೆ" ಎಂದಳು. ನನಗೆ ಅದು ಆವರೆಗೆ ಹೊಳೆದಿರಲಿಲ್ಲ. ಮೈಟೊಕಾಂಡ್ರಿಯದ ಬಹುಪಾಲು ಭಾಗಗಳನ್ನು ಕಟ್ಟಲು ಬೇಕಾದ ಸೂಚನೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರುತ್ತದೆ ಎಂದು ತೇಪೆ ಹಚ್ಚಲು ಹೋದೆ. ಕೇಳುವವರಿರಲಿಲ್ಲ. ವಾರದ ನಂತರ, ಜಾತಕ ಕೂಡಿಬರುವುದಿಲ್ಲ ಎಂಬ ಸುದ್ದಿ ಬಂತು. ಚಿಕ್ಕಮ್ಮ ಒಂದೇ ಮಾತು ಕೇಳಿದ್ದು: "ಧಾರವಾಡದಲ್ಲಿ ಬಾಯಿ ಮುಚ್ಚದು ಹೇಂಗೆ ಹೇಳಿ ಕಲಿಸ್ತ್ವಿಲ್ಲೆನ?"

ಕೆಲವು ವರ್ಷಗಳ ನಂತರ ವೀಣಾಗೆ ಬೇರೆ ಕಡೆ ಮದುವೆಯಾಯಿತು. ಈಗ ಶಿರಸಿಯ ಶಾಲೆಯೊಂದರಲ್ಲಿ ಗಣಿತದ ಟೀಚರು. ಅವಳು ಸುಖವಾಗಿದ್ದಾಳೋ ಎಂದು ಕೇಳುವ ಧೈರ್ಯವಿಲ್ಲದೆ ಪ್ರತಿ ಸಲ ಶಾಲೆಯ ಬಗ್ಗೆ ಕೇಳುತ್ತಾ ಬಂದೆ. ಇವತ್ತು ಮಾತ್ರ ಫೋನು ಮಾಡಿ, ಇಷ್ಟು ವರ್ಷ ಬಾಕಿ ಇದ್ದ ಕ್ಷಮೆಯನ್ನು ಒಂದೇ ಉಸಿರಿಗೆ ಕೇಳಿಬಿಟ್ಟೆ.

"ಯಾವ ಹುಡುಗ?" ಎಂದಳು. ಆಮೇಲೆ ಜೋರಾಗಿ ನಕ್ಕಳು. "ಓ, ಅವ್ನ! ಬ್ಯಾಡ ಹೇಳಿದ್ದು ಆನೇಯ ಮಾರಾಯ, ಅವ್ರಲ್ಲ. ಅವ್ನ ಕಣ್ಣೆಲ್ಲ ಅವಲಕ್ಕಿ ಮೇಲೇ ಇದ್ದಿತ್ತು."

"ಕೇಸರಿಬಾತು" ಎಂದೆ.

"ಅವಲಕ್ಕಿ. ನಿಂಗೆ ಹೇಂಗೆ ಗೊತ್ತು? ನೀ ಅವತ್ತು ಬಂದೇ ಇದ್ದಿಲ್ಲೆ. ಪರೀಕ್ಷೆ ಹೇಳಿ ಧಾರವಾಡದಲ್ಲೇ ಉಳ್ದಿದ್ದೆ."

"ಮತ್ತೆ ಅಮ್ಮಮ್ಮ, ಆಯಿ ಬಾವಿಗೆ ಹೋತು ಹೇಳಿದ್ದು?"

"ಅದು ಹೌದು. ನಿಂಗೆ ಕಾಗದ ಬರ್ದು ತಿಳಿಸಿದ್ದು ಆನೇ ಅಲ್ದ?" ಆಮೇಲೆ ಅವಳ ದನಿ ಮೆತ್ತಗಾಯಿತು, ಅಮ್ಮಮ್ಮನ ಜೊತೆ ನಾವೆಲ್ಲ ಮಾತಾಡುತ್ತಿದ್ದೆವಲ್ಲ, ಆ ದನಿ. "ಅಣ್ಣಾ, ನೀ ಆರಾಮಿದ್ಯನ?"

ಆರಾಮಿದ್ದೇನೆ ಎಂದು ಫೋನಿಟ್ಟೆ. ನಾನು ಅಲ್ಲಿ ಇರಲೇ ಇಲ್ಲವೋ, ಇದ್ದದ್ದನ್ನು ಅವಳು ಮರೆತಳೋ, ನನ್ನ ಮೇಲಿನ ಕರುಣೆಯಿಂದ ಸುಳ್ಳು ಹೇಳಿದಳೋ? ಇಬ್ಬರ ತಲೆಯಲ್ಲೂ ಉರಿಯುತ್ತಿರುವುದು ಒಂದೇ ಅಜ್ಜಿಯ ಒಲೆ. ಮೊದಲು ಮಂಕಾದದ್ದು ಯಾರದ್ದು, ಅಥವಾ ಯಾರದ್ದಾದರೂ ಮಂಕಾಗಿದೆಯೇ, ನನಗೆ ಗೊತ್ತಿಲ್ಲ.